ಹೆಂಡತಿಯ ಮೂಗೇ ಪ್ರಮಾಣ

ಊರಿನ ಗಡ್ಡಗಳನ್ನೆಲ್ಲ ಹತ್ತಿರದಿಂದ ಬಲ್ಲ ಈ ಕ್ಷೌರಿಕನಿಗೆ ತನ್ನ ಬಾಯಿಯ ಸುದ್ದಿ ಮಾತ್ರ ಹೆಂಡತಿಯಿಂದಲೇ ತಿಳಿಯಬೇಕಿತ್ತು. ಹುಟ್ಟುವಾಗಲೇ ಅವನ ಮೇಲ್ತುಟಿ, ಅಂಗುಳ ಎರಡೂ ಸೀಳಿದ್ದವು. ತುಟಿಯನ್ನು ಡಾಕ್ಟರು ಚೆನ್ನಾಗಿಯೇ ಹೊಲಿದರು, ಮೀಸೆ ಬೆಳೆಸಿದ ಮೇಲೆ ಗುರುತೂ ಕಾಣದು. ಅಂಗುಳದಲ್ಲಿ ಒಂದು ಸಣ್ಣ ತೂತು ಉಳಿದುಬಿಟ್ಟಿತು. ತಿಂದದ್ದರ ಚೂರುಪಾರು ಅದರೊಳಗೆ ಹೊಕ್ಕು, ಮೂಗಿನತ್ತ ಹತ್ತಿ, ಅಲ್ಲೇ ಕೊಳೆಯುತ್ತದೆ. ಎಷ್ಟು ಉಜ್ಜಿದರೂ ಬ್ರಷ್ಷು ಅಲ್ಲಿಗೆ ಹೋಗುವುದಿಲ್ಲ. ಉಪ್ಪುನೀರು ಮುಕ್ಕಳಿಸಿ ಮುಕ್ಕಳಿಸಿ ತೊಳೆಯಬೇಕು. ತನ್ನ ನಾತ ತನಗೆ ತಿಳಿಯದು, ಅದೇ ದೊಡ್ಡ ಪೀಕಲಾಟ.

ಹಾಗಾಗಿ ದಿನಾ ಬೆಳಿಗ್ಗೆ ಹೆಂಡತಿಯ ಮುಂದೆ ನಿಂತು "ಹಾ" ಎಂದು ಉಸಿರು ಬಿಡುತ್ತಿದ್ದ. ಅವಳು ಮುಲಾಜಿಲ್ಲದ ಹೆಂಗಸು. "ಇನ್ನೊಂದ್ಸಲ ತೊಳ್ಕೊಳ್ರೀ, ಇಲ್ಲಾಂದ್ರೆ ಗಿರಾಕಿ ಗಡ್ಡ ತಾನಾಗೇ ಉದುರಿಹೋಗುತ್ತೆ" ಎಂದು ನಕ್ಕು ಬಚ್ಚಲಿಗೆ ವಾಪಸ್ಸು ಅಟ್ಟುತ್ತಿದ್ದಳು. ಅವಳು "ಹೋಗ್ಬನ್ನಿ" ಎಂದ ಮೇಲೆಯೇ ಅವನು ಕೆಲಸಕ್ಕೆ ಹೊರಡುತ್ತಿದ್ದುದು.

ಇತ್ತೀಚೆಗೆ ಅವಳು ಒಂದು ಸಲವೂ ವಾಪಸ್ಸು ಅಟ್ಟಿರಲಿಲ್ಲ. ಅಂಗಡಿಯಲ್ಲಿ ನೋಡಿದರೆ, ಕತ್ತಿ ಕೆನ್ನೆಯ ಮೇಲಿರುವಾಗಲೇ ಗಿರಾಕಿಗಳು ಮುಖ ತಿರುಗಿಸತೊಡಗಿದ್ದರು. ಹಳಬರು ಒಬ್ಬೊಬ್ಬರಾಗಿ ಎದುರಿನ ಅಂಗಡಿ ಹಿಡಿದರು. ಇವತ್ತು ಮೇಷ್ಟ್ರೊಬ್ಬರು ಅರ್ಧ ಗಡ್ಡಕ್ಕೇ "ಸಾಕು ಬಿಡಪ್ಪ" ಎಂದು, ಟವೆಲ್ಲು ಮೂಗಿಗೆ ಒತ್ತಿಕೊಂಡು ಎದ್ದುಹೋದರು. ಅವನ ಮೈಯೆಲ್ಲ ಉರಿದುಹೋಯಿತು. ಕಟ್ಟಿಕೊಂಡವಳೇ ಕನಿಕರಪಟ್ಟು ಸುಳ್ಳು ಹೇಳುತ್ತಿದ್ದಾಳೆ! ಹೊಟ್ಟೆಯ ಮೇಲೆ ಹೊಡೆಯುವಂಥ ಕನಿಕರ ಯಾರಿಗೆ ಬೇಕಿತ್ತು? ಅಂಗಡಿ ಮುಚ್ಚಿ, ಜಗಳಕ್ಕೆಂದೇ ಮನೆಗೆ ನಡೆದ.

ಬಾಗಿಲು ತಳ್ಳುತ್ತಿದ್ದಂತೆಯೇ ಗ್ಯಾಸಿನ ವಾಸನೆ ಗಂಟಲಿಗೆ ಅಡರಿತು. ಅಡುಗೆಮನೆಯಲ್ಲಿ ಹಾಲು ಉಕ್ಕಿ ಒಲೆ ಆರಿತ್ತು, ಗ್ಯಾಸು ಮಾತ್ರ ಬುಸುಗುಟ್ಟುತ್ತಲೇ ಇತ್ತು. ಹೆಂಡತಿ ಬೆಂಕಿಪೊಟ್ಟಣ ತೆರೆದು ಕಡ್ಡಿ ಹಿಡಿದು ನಿಂತಿದ್ದಳು.

ಅವನು ಪೊಟ್ಟಣ ಕಿತ್ತು ಎಸೆದು, ಗ್ಯಾಸು ಬಂದ್ ಮಾಡಿ, ಕಿಟಕಿ ತೆರೆದ.

"ಏನ್ರೀ ಇದು, ಹುಚ್ಚು ಹಿಡೀತಾ?"

"ಮನೆ ತುಂಬ ಗ್ಯಾಸು! ನಿಂಗೆ ವಾಸನೆ ಬರ್ಲಿಲ್ವಾ?"

ಅವಳ ಮುಖ ಬಿಳಿಚಿಕೊಂಡಿತು. ಮೂಗರಳಿಸಿ ಜೋರಾಗಿ ಉಸಿರೆಳೆದು ನೋಡಿದಳು. "ಯಾವ ವಾಸನೇನೂ ಬರಲ್ಲ ಕಣ್ರೀ. ಬಹಳ ದಿನ ಆಯ್ತು."

"ಮತ್ತೆ ದಿನಾ ಹೋಗ್ಬನ್ನಿ ಅಂತಿದ್ದೆ?"

"ನನ್ನ ಮಾತಿಲ್ದೆ ನೀವು ಹೊಸ್ತಿಲು ದಾಟ್ತಿದ್ರಾ?"

ಬೈಯಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳಲ್ಲಿ ಒಂದೂ ಅವನ ನೆನಪಿಗೆ ಬರಲಿಲ್ಲ. ಅವನಿಗೆ ಭಯವಾಯಿತು. "ನೆಗಡಿ ಇರ್ಬೇಕು ಬಿಡು" ಎಂದ, ತನಗೇ ನಂಬಿಕೆಯಿಲ್ಲದ ದನಿಯಲ್ಲಿ.

"ನೆಗಡಿ ಆಗ್ಲೇ ಇಲ್ಲ" ಎಂದಳು ಅವಳು, ಎಡಗಣ್ಣನ್ನು ಅಂಗೈಯಿಂದ ಒತ್ತಿಕೊಳ್ಳುತ್ತ. "ಈ ಕಣ್ಣಿನ ಹಿಂದೆ ಏನೋ ಗಟ್ಟಿಯಾಗಿ ಕೂತ್ಕೊಂಡಿದೆ. ಈಗೀಗ ಇದ್ರಲ್ಲಿ ನಿಮ್ಮ ಮುಖಾನೂ ಸರಿಯಾಗಿ ಕಾಣಲ್ಲ ಕಣ್ರೀ."