ಚೀಲ ಬಿಡ್ರಿ

ಕಳೆದ ತಿಂಗಳಿಂದ ನಮ್ಮ ಬಡಾವಣೆಯ ದಿನಸಿ ಅಂಗಡಿಯವರು ಪ್ಲಾಸ್ಟಿಕ್ ಬಿಟ್ಟು ಬಟ್ಟೆಯ ಚೀಲ ಕೊಡುತ್ತಿದ್ದಾರೆ. ಬಿಳಿ ಕಾಟನ್ನಿನದು, ಬಾಯಿಗೆ ಲಾಡಿ ಪೋಣಿಸಿದ್ದು. ಹೊಸ ಬಟ್ಟೆಯ ಗಂಜಿ ವಾಸನೆ ಇನ್ನೂ ಹೋಗಿರುವುದಿಲ್ಲ. ಅಂಗಡಿಯ ಹುಡುಗಿ ತೊಗರಿಬೇಳೆ ಸುರಿಯುತ್ತ, "ಚೀಲ ಗಟ್ಟಿ ಹಿಡ್ಕೊಳ್ಳಿ ಸರ್, ಬಿಡ್ಬೇಡಿ" ಎಂದಳು. ಹಿಡಿದುಕೊಂಡೆ. ಬೇಳೆ ತುಂಬಿ ಲಾಡಿ ಎಳೆದಾದ ಮೇಲೂ ಹಾಗೇ ನಿಂತಿದ್ದೆ ಎಂದು ಕಾಣುತ್ತದೆ. ಹಿಂದೆ ನಿಂತವರು ಕೆಮ್ಮಿದಾಗ ಪಕ್ಕಕ್ಕೆ ಸರಿದೆ.

ಅಂಥದೇ ಚೀಲಗಳನ್ನು ಅಕ್ಕೋರು ಹಳೆಯ ಲಂಗದ ಬಟ್ಟೆಯಲ್ಲಿ ಕೈಯಿಂದ ಹೊಲಿಯುತ್ತಿದ್ದರು... ಬೇಳೆಗಲ್ಲ, ಹಕ್ಕಿಗಳಿಗೆ.

ಎಂಬತ್ತರ ದಶಕದಲ್ಲಿ ನಾನು ಕಲ್ಕತ್ತೆಯಲ್ಲಿ ಸುದ್ದಿಸಂಸ್ಥೆಯೊಂದರ ವರದಿಗಾರನಾಗಿದ್ದೆ. ಜಾದವ್‌ಪುರದಲ್ಲಿ ಬಾಡಿಗೆ ಕೋಣೆ. ಎರಡು ಗಲ್ಲಿ ಆಚೆ ಅಕ್ಕೋರ ಮನೆ. ಧಾರವಾಡ ಕಡೆಯವರು, ಕಲ್ಕತ್ತೆಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದರು. ಬಂಗಾಳಿ ವಿದ್ಯಾರ್ಥಿಗಳಿಗೆ ಅವರು ದಿದಿ. ತಮ್ಮ ಊರಿನಲ್ಲಿ ಕಲಿಸುವ ಹೆಂಗಸನ್ನು ಅಕ್ಕೋರು ಎನ್ನುತ್ತಾರೆ ಎಂದು ಅವರೇ ಒಮ್ಮೆ ಹೇಳಿದ್ದರಿಂದ ನನಗೆ ಅವರು ಅಕ್ಕೋರು. ನಾನು ಅವರಿಗೆ 'ಪೇಪರನವರು'. ನಮ್ಮ ಪರಿಚಯವಾದದ್ದು ಉಡುಪಿಯವರೊಬ್ಬರ ಹೋಟೆಲಿನಲ್ಲಿ. ಭಾನುವಾರ ಅಲ್ಲಿ ಇಡ್ಲಿಗೆ ಬರುವ ಕನ್ನಡಿಗರೆಲ್ಲ ಒಂದೇ ಮೇಜಿನ ಸುತ್ತ ಕೂರುತ್ತಿದ್ದೆವು.

ದುರ್ಗಾಪೂಜೆಯ ಢಾಕ್ ಎಂಬ ಡೋಲಿನ ಸದ್ದು ಅಡಗಿ, ಬೆಳಗಿನ ಹೊತ್ತು ತುಸು ಇಬ್ಬನಿ ಬೀಳತೊಡಗಿದರೆ ಅಕ್ಕೋರು ಭಾನುವಾರಗಳಲ್ಲಿ ಹೋಟೆಲಿಗೆ ಬರುವುದು ನಿಲ್ಲುತ್ತಿತ್ತು. ಕಸ್ಬಾದ ಪೂರ್ವಕ್ಕೆ ಆಗಿನ್ನೂ ಭೇರಿಗಳಿದ್ದವು. ಭೇರಿ ಎಂದರೆ ನಗರದ ಕೊಳೆನೀರನ್ನು ಹರಿಸಿ ಮೀನು ಸಾಕುವ ಅಗಲವಾದ ಕೆರೆ. ಉತ್ತರದ ಚಳಿನಾಡುಗಳಿಂದ ಬೇಟೆಹಕ್ಕಿಗಳು ಇಳಿದು ಬರುವ ಕಾಲ ಅದು. ಭೇರಿಯ ಏರಿಯ ಮೇಲೆ ಕೂತು ಅವನ್ನು ಎಣಿಸುವುದು, ಕೆಲವನ್ನು ಬಲೆಗೆ ಕೆಡವಿ ಕಾಲಿಗೆ ಅಲ್ಯೂಮಿನಿಯಂ ಉಂಗುರ ತೊಡಿಸಿ ಬಿಡುವುದು ಅವರ ಕೆಲಸ. ಉಂಗುರದ ಮೇಲೆ ಒಂದು ಸಂಖ್ಯೆ, ಒಂದು ವಿಳಾಸ. ಮುಂದೆ ಎಲ್ಲಾದರೂ ಆ ಹಕ್ಕಿ ಸಿಕ್ಕರೆ ಅದು ಎಲ್ಲಿಂದ ಎಲ್ಲಿಗೆ ಹೋಯಿತು ಎಂದು ತಿಳಿಯುತ್ತದೆ. ಸಿಕ್ಕರೆ.

ಹೋಟೆಲಿನ ಮಾಲೀಕರು ಒಮ್ಮೆ ಸಲಿಗೆಯಿಂದ, "ಎಂತ ಮಾರಾಯ್ರೆ, ನೀವು ಹಾಕದ ಕಾಲುಂಗುರ ಹಕ್ಕಿಗೆ ಹಾಕುವುದಾ?" ಎಂದರು. ಅಕ್ಕೋರು ಮದುವೆಯಾಗಿರಲಿಲ್ಲ. ಮೇಜಿನ ಸುತ್ತ ಎಲ್ಲರೂ ಇಡ್ಲಿಯ ಕಡೆ ನೋಡಿದೆವು. ಅವರು ನಕ್ಕರು. "ಇಷ್ಟು ಮಂದಿಗೆ ಕಾಲುಂಗರ ತೊಡಸೇನಿ ನೋಡ್ರಿ. ಒಬ್ಬರರೆ ಹೊಳ್ಳಿ ಬಂದಾರೇನು?"

ತಮಾಷೆಗೆ ಹೇಳಿದ ಮಾತಾದರೂ ಅವರಿಗೆ ಬೇಕಿದ್ದದ್ದು ಹಾಗೆ ಮರಳಿ ಬರುವ ಒಂದು ಹಕ್ಕಿ ಮಾತ್ರ ಎಂದು ನನಗೆ ಆಮೇಲೆ ಗೊತ್ತಾಯಿತು.

ಅವರು ಎಣಿಸುತ್ತಿದ್ದ ಭೇರಿಗೆ ಮರಳು ತುಂಬಿಸಿ ಮನೆ ಕಟ್ಟುವ ಯೋಜನೆ ಬಂದಿತ್ತು. ಅಕ್ಕೋರು ಸಂಬಂಧಪಟ್ಟ ಕಚೇರಿಗೆ ಹಲವು ಸಲ ಹೋಗಿ ಬಂದಿದ್ದರು. ಅಲ್ಲಿಯ ಬಾಬು ಒರಟನಲ್ಲ. ಚಹಾ ಕೊಟ್ಟು ಕೂರಿಸಿ, "ಪಾಖಿರ್ ತೋ ಡಾನಾ ಆಛೆ, ದಿದಿ" ಎಂದನಂತೆ. ಹಕ್ಕಿಗೆ ರೆಕ್ಕೆ ಇದೆಯಲ್ಲ, ಪಕ್ಕದ ನೀರಿಗೆ ಹೋಗುತ್ತದೆ. ಅಕ್ಕೋರು ಇಲ್ಲ ಎಂದಿದ್ದರು. ಕೆಲವು ಹಕ್ಕಿಗಳು ವರ್ಷವರ್ಷವೂ ಅದೇ ನೀರಿಗೇ ಬರುತ್ತವೆ, ಪಕ್ಕದ್ದಕ್ಕಲ್ಲ. ಹಾಗಾದರೆ ಅಂಥ ಒಂದು ಹಕ್ಕಿಯನ್ನು ತೋರಿಸಿ, ಫೈಲಿಗೆ ಸೇರಿಸಿ ಮೇಲಕ್ಕೆ ಕಳಿಸುತ್ತೇನೆ ಎಂದು ಬಾಬು ಹೇಳಿದ್ದ. ಅವನು ಅದನ್ನು ಎಷ್ಟು ಗಂಭೀರವಾಗಿ ಹೇಳಿದನೋ ತಿಳಿಯದು. ಅಕ್ಕೋರು ಪೂರ್ತಿ ಗಂಭೀರವಾಗಿ ತೆಗೆದುಕೊಂಡರು. ತಾವು ಇಲ್ಲಿ ಉಂಗುರ ತೊಡಿಸಿದ ಒಂದು ಹಕ್ಕಿ ಮತ್ತೆ ಇಲ್ಲಿಯೇ ಬಲೆಗೆ ಬೀಳಬೇಕು, ಅದರ ಸಂಖ್ಯೆಯನ್ನು ಓದಬೇಕು.

ನಾನು ಹೋದದ್ದು ಸುದ್ದಿಗೆಂದು. ಮತ್ತೆ ಮತ್ತೆ ಹೋದದ್ದು ಯಾಕೆಂದು ನನ್ನನ್ನು ನಾನು ಕೇಳಿಕೊಳ್ಳಲಿಲ್ಲ.

ಮೊದಲ ದಿನವೇ ನಗೆಪಾಟಲಾದೆ. ಭೇರಿಯಲ್ಲಿ ದೋಣಿ ನಡೆಸುವ ವಯಸ್ಸಾದ ಮೀನುಗಾರರೊಬ್ಬರು ಅಕ್ಕೋರಿಗೆ ಜೊತೆಯಾಗಿದ್ದರು. ಅವರನ್ನು ಕಾಕಾ ಎನ್ನುತ್ತಿದ್ದೆವು. ಬಂಗಾಳಿಯಲ್ಲೂ ಧಾರವಾಡದಲ್ಲೂ ಚಿಕ್ಕಪ್ಪನಿಗೆ ಅದೇ ಮಾತು. ದೋಣಿ ಜೊಂಡಿನ ಹತ್ತಿರ ಹೋಗುತ್ತಲೇ ಕಾಕಾ "ಚಿಲ್! ಚಿಲ್!" ಎಂದು ಕೂಗಿದರು. ನಾನು ಕಾಲ ಬಳಿ ಬಿದ್ದಿದ್ದ ಚೀಲವನ್ನು ಎತ್ತಿ ಅವರಿಗೆ ಕೊಡಹೋದೆ.

"ಚೀಲ ಅಲ್ರೀ ಪೇಪರನವರ, ತಲಿ ಮ್ಯಾಲ ಎತ್ರಿ!" ಅಕ್ಕೋರು ದುರ್ಬೀನು ಹಿಡಿದುಕೊಂಡೇ ನಗುತ್ತಿದ್ದರು. "ಇವರ ಭಾಷಾದಾಗ ಚಿಲ್ ಅಂದ್ರ ಹದ್ದು."

ಅದು ಹದ್ದೂ ಆಗಿರಲಿಲ್ಲ. ಜೌಗು ಸೆಳೆವ ಎಂದು ಕನ್ನಡದಲ್ಲಿ ಹೆಸರು. ಕಂದು ಬಣ್ಣ, ನೀಳ ಬಾಲ. ರೆಕ್ಕೆಯನ್ನು ತುಸು ಮೇಲಕ್ಕೆತ್ತಿಕೊಂಡು ಜೊಂಡಿನ ಮೇಲೆ ತೀರ ತಗ್ಗಿನಲ್ಲಿ ತೇಲುತ್ತದೆ, ಕಳೆದುಹೋದದ್ದನ್ನು ಹುಡುಕುವವರ ಹಾಗೆ. ಕಾಕಾಗೆ ಮಾತ್ರ ಕೊಕ್ಕು ಬಾಗಿದ ಹಕ್ಕಿಯೆಲ್ಲ ಚಿಲ್. ಅವು ರಷ್ಯಾದ ಕಡೆಯಿಂದ ಬರುತ್ತವೆ ಎಂದು ಅಕ್ಕೋರು ಹೇಳಿದ್ದನ್ನು ಅವರು ನೇರ ಕಮ್ಯುನಿಸ್ಟ್ ಪಾರ್ಟಿ ಕಚೇರಿಗೆ ಒಯ್ದಿದ್ದರು. ಕಾಮ್ರೇಡ್‌ಗಳೇ ಬಂದು ಇಳಿಯುವ ಭೇರಿಯನ್ನು ತುಂಬಿಸುತ್ತೀರಾ ಎಂದು ಕೇಳಿದ್ದರಂತೆ. ಸದಸ್ಯತ್ವದ ಕಾರ್ಡು ಇದ್ದರೆ ಕರೆದುಕೊಂಡು ಬಾ ಎಂದು ಅಲ್ಲಿಯವರು ನಕ್ಕಿದ್ದರು. ಭೇರಿ ಹೋದರೆ ಕಾಕಾರ ಕೆಲಸವೂ ಹೋಗುತ್ತಿತ್ತು. ಆ ಭಯವನ್ನು ಅವರು ಈ ರೀತಿ ಹೇಳುತ್ತಿದ್ದರು.

ಎಣಿಕೆಯಲ್ಲಿ ಅಕ್ಕೋರು ನನಗೆ ಅರ್ಧ ಆಕಾಶ ಕೊಟ್ಟರು. ಪೂರ್ವದ್ದು ನನ್ನದು, ಪಶ್ಚಿಮದ್ದು ಅವರದು. "ಕಂಡದ್ದು ಬರೀರಿ. ಅನಿಸಿದ್ದು ಬ್ಯಾಡ." ನಮ್ಮ ಸುದ್ದಿಮನೆಯಲ್ಲಿ ಮುಖ್ಯ ಉಪಸಂಪಾದಕರು ಇದನ್ನೇ ಇನ್ನೂ ಒರಟಾಗಿ ಹೇಳುತ್ತಿದ್ದರು. ದೂರದ ಚುಕ್ಕೆ ಸೆಳೆವವೋ ಕಾಗೆಯೋ ಎಂದು ತಿಳಿಯದೆ ಹೋದರೆ ಅಕ್ಕೋರು ಅದನ್ನು ಬಿಟ್ಟುಬಿಡುತ್ತಿದ್ದರು. ಬಿಡುವಾಗ ಮುಖದಲ್ಲಿ ಸಣ್ಣ ನೋವು ಕಾಣುತ್ತಿತ್ತು.

ಹಿಡಿದ ಹಕ್ಕಿಯನ್ನು ಬಿಡುವುದಕ್ಕೂ ಒಂದು ಕ್ರಮವಿತ್ತು. ಅಕ್ಕೋರು ಅದರ ತಲೆಗೆ ಬಟ್ಟೆಚೀಲ ಇಳಿಸುತ್ತಿದ್ದರು, ಕತ್ತಲಾದರೆ ಅದು ಸುಮ್ಮನಾಗುತ್ತದೆ. ಕಾಕಾ ಎರಡು ಕೈಯಲ್ಲಿ ರೆಕ್ಕೆ ಮುಚ್ಚಿ ಹಿಡಿಯುತ್ತಿದ್ದರು. ಉಂಗುರ ತೊಡಿಸಿ, ಅಳತೆ ತೆಗೆದು, ಚೀಲ ತೆಗೆದ ಮೇಲೆ ಅಕ್ಕೋರು ಮೆಲ್ಲಗೆ "ಬಿಡ್ರಿ" ಎನ್ನುತ್ತಿದ್ದರು. ದಿನವಿಡೀ ಕಾಕಾರ ಜೊತೆ ಬಂಗಾಳಿಯಲ್ಲಿ ಮಾತಾಡಿದವರು ಆ ಒಂದು ಮಾತನ್ನು ಮಾತ್ರ ಕನ್ನಡದಲ್ಲಿ ಹೇಳುತ್ತಿದ್ದರು. ಯಾಕೆಂದು ಕೇಳಿದೆ. "ಗೊತ್ತಿಲ್ರೀ, ಬಾಯಾಗ ಅದ ಬರ್ತದ" ಎಂದರು. ಕಾಕಾಗೆ ಬರುತ್ತಿದ್ದ ಕನ್ನಡ ಅಷ್ಟೇ. ಬಿಡ್ರಿ ಎಂದರೆ ಕೈ ತೆರೆಯಬೇಕು.

ಆ ಹಂಗಾಮಿನ ಒಂದು ಬೆಳಿಗ್ಗೆ ಗಾಳಿ ಇತ್ತು. ಜೊಂಡಿನ ನಡುವಿನ ದಿಬ್ಬದ ಮೇಲೆ ಹಾಕಿದ್ದ ಕುಣಿಕೆಗೆ ಒಂದು ಹೆಣ್ಣು ಸೆಳೆವ ಬಿತ್ತು. ಕಾಕಾ ಅದನ್ನು ಬಿಡಿಸಿ ದೋಣಿಗೆ ತಂದರು. ಅಕ್ಕೋರು ಕಾಲಿನ ಕಡೆ ನೋಡಿ ಒಮ್ಮೆಲೇ ಮಂಡಿಯೂರಿದರು. ಕಾಲಿನಲ್ಲಿ ಆಗಲೇ ಒಂದು ಉಂಗುರವಿತ್ತು. ಅದರ ಮೇಲೆ ಭೇರಿಯ ಕಪ್ಪು ಕೆಸರು ಒಣಗಿ ಹತ್ತಿಕೊಂಡಿತ್ತು.

ಅಕ್ಕೋರು ಹೆಬ್ಬೆರಳನ್ನು ನೀರಿಗೆ ಅದ್ದಿ ಕೆಸರು ಉಜ್ಜತೊಡಗಿದರು. ನನಗೆ ಚೀಲ ಇಳಿಸಲು ಕಣ್ಣಲ್ಲೇ ಸೂಚಿಸಿದರು. ನಾನು ಬಾಗಿದಾಗ ಗಾಳಿಗೆ ಬಟ್ಟೆ ಹಾರಿತು, ಹಕ್ಕಿ ಇನ್ನೊಂದು ಕಾಲಿನಿಂದ ಅದನ್ನು ಬಾಚಿ ಹಿಡಿಯಿತು. ನಾನು ಎಳೆದೆ. ಅದೂ ಎಳೆಯಿತು. ಇನ್ನಷ್ಟು ಎಳೆದರೆ ಹಕ್ಕಿಯ ಬೆರಳು ಮುರಿಯುತ್ತದೆ ಎಂದು ಅಕ್ಕೋರಿಗೆ ಕಂಡಿತು.

"ಚೀಲ ಬಿಡ್ರಿ!" ಎಂದರು ನನಗೆ. "ಚೀಲ ಬಿಡ್ರಿ ಅಂತೀನಿ!"

ನಾನು ಚೀಲ ಬಿಟ್ಟೆ. ಅದೇ ಕ್ಷಣ ಕಾಕಾ ಎರಡೂ ಕೈ ತೆರೆದರು.

ಹಕ್ಕಿ ನಮ್ಮ ಮುಖಕ್ಕೆ ಗಾಳಿ ಬಡಿದು ಎದ್ದಿತು. ಚೀಲ ಅದರ ಕಾಲಲ್ಲಿ ತುಸು ದೂರ ಜೋತಾಡುತ್ತ ಹೋಗಿ ನೀರಿಗೆ ಬಿತ್ತು. ಬಿಸಿಲಿಗೆ ಉಂಗುರ ಒಮ್ಮೆ ಮಿಂಚಿತು... ಕೆಸರು ಅಷ್ಟು ಮಟ್ಟಿಗೆ ಹೋಗಿತ್ತು.

"ಛೇಡೆ ದಿಯೆಛಿ, ದಿದಿ!" ಬಿಟ್ಟುಬಿಟ್ಟೆ ಎಂದರು ಕಾಕಾ. ಮುಖ ಅರಳಿತ್ತು. ಇಷ್ಟು ವರ್ಷದಲ್ಲಿ ಮೊದಲ ಸಲ ಪೂರ್ತಿ ಒಂದು ಕನ್ನಡ ವಾಕ್ಯ ಅವರಿಗೆ ಅರ್ಥವಾಗಿತ್ತು. ಚಿಲ್, ಬಿಡ್ರಿ.

ಅಕ್ಕೋರು ಮಂಡಿಯ ಮೇಲೆಯೇ ಇದ್ದರು. ಒದ್ದೆ ಹೆಬ್ಬೆರಳನ್ನು ಇನ್ನೂ ಹಾಗೇ ಎತ್ತಿ ಹಿಡಿದಿದ್ದರು. ಆಮೇಲೆ ಕಾಕಾರ ಕಡೆ ತಿರುಗಿ, "ಖೂಬ್ ಭಾಲೋ, ಕಾಕಾ" ಎಂದರು. ಬಹಳ ಒಳ್ಳೆಯದಾಯಿತು. ನನ್ನ ಕಡೆ ನೋಡದೆ ಕನ್ನಡದಲ್ಲಿ, "ಅವರಿಗೆ ಏನೂ ಹೇಳಬ್ಯಾಡ್ರಿ. ನಮ್ಮ ಮಾತು ತಿಳೀತಂತ ಎಷ್ಟು ಹಿಗ್ಗ್ಯಾರ ನೋಡ್ರಿ" ಎಂದರು.

ತಮ್ಮ ಭೇರಿಯ ಸಾಕ್ಷಿಯನ್ನು ತಾವೇ ಕೈಯಾರೆ ಹಾರಿಸಿದ್ದು ಕಾಕಾಗೆ ಎಂದೂ ತಿಳಿಯಲಿಲ್ಲ.

ದಾರಿಯಲ್ಲಿ ನಾನು ವಾದಿಸಿದೆ. ಈ ಕಡೆ ಸೆಳೆವಗಳಿಗೆ ಉಂಗುರ ತೊಡಿಸುವವರು ಬೇರೆ ಯಾರಿದ್ದಾರೆ? ಅದು ನಿಮ್ಮದೇ. ಬಾಬುವಿಗೆ ಹಾಗೆಂದು ಹೇಳಿ. ಅಕ್ಕೋರು ಒಪ್ಪಲಿಲ್ಲ. "ರಷ್ಯಾದವರೂ ತೊಡಸ್ತಾರ್ರೀ. ಆ ಉಂಗುರಾ ಆದ್ರ ಅದು ಅಲ್ಲಿಂದ ಬಂತು ಅಂತಷ್ಟ ಆತು, ಇಲ್ಲಿಗೆ ಹೊಳ್ಳಿ ಬಂತು ಅಂತ ಆಗೂದಿಲ್ಲ. ನಾ ಓದಿಲ್ಲ. ಓದಲಾರದ್ದು ಹೆಂಗ ಹೇಳ್ಲಿ?" ಆಮೇಲೆ ನನ್ನನ್ನೇ ಚುಚ್ಚಿದರು. "ನಿಮ್ಮ ಪೇಪರಿನ್ಯಾಗ 'ಬಹುಶಃ' ಅಂತ ತಲೆಬರಹ ಹಾಕ್ತೀರೇನು?"

ಉಂಗುರವಿದ್ದ ಹಕ್ಕಿಯೊಂದು ಕಂಡಿತು, ಸಂಖ್ಯೆ ಓದಲಾಗಲಿಲ್ಲ ಎಂದು ಸುದ್ದಿ ಬರೆದು ಕಳಿಸಿದೆ. ಅಕ್ಕೋರು ಬಾಬುವಿಗೆ ಹೇಳಿದ್ದೂ ಅಷ್ಟನ್ನೇ. ಆತ ತಲೆಯಾಡಿಸಿ ಮತ್ತೆ ಚಹಾ ತರಿಸಿದನಂತೆ. ಆ ಹಂಗಾಮು ಮುಗಿಯುವ ತನಕ ಅಕ್ಕೋರು ಒಂದು ಬೆಳಿಗ್ಗೆಯನ್ನೂ ಬಿಡದೆ ಭೇರಿಗೆ ಹೋದರು. ಆ ಹೆಣ್ಣು ಮತ್ತೆ ಕುಣಿಕೆಯ ಹತ್ತಿರ ಸುಳಿಯಲಿಲ್ಲ.

ಬೇಸಗೆಯಲ್ಲಿ ಲಾರಿಗಳು ಬಂದವು. ಮುಂದಿನ ಪೂಜೆಯ ಹೊತ್ತಿಗೆ ಜೊಂಡು ಇದ್ದಲ್ಲಿ ಮರಳು. ಅದರ ಮೇಲೆ ಗೂಟ ಹೊಡೆದು ಹಗ್ಗ ಕಟ್ಟಿದ್ದರು. ಕಾಕಾ ರಸ್ತೆಯ ಅಂಚಿನಲ್ಲಿ ಚಹಾ ಮಾರುತ್ತಿದ್ದರು, ಗಿರಾಕಿಗಳು ಅದೇ ಲಾರಿಗಳವರು. ಅಕ್ಕೋರು ಮತ್ತೆ ಎಣಿಕೆಗೆ ಬಂದರು. ಇನ್ನೇನನ್ನು ಎಣಿಸುತ್ತೀರಿ ಎಂದು ನಾನು ಕೇಳಲಿಲ್ಲ. ಉಳಿದ ಒಂದು ತುಂಡು ಏರಿಯ ಮೇಲೆ ಕೂತೆವು. ಕಾಕಾ ಮಣ್ಣಿನ ಲೋಟಗಳಲ್ಲಿ ಚಹಾ ತಂದುಕೊಟ್ಟು ಪಕ್ಕದಲ್ಲೇ ಕುಕ್ಕರುಗಾಲಿನಲ್ಲಿ ಕೂತರು.

ಬಿಸಿಲೇರುವ ಮೊದಲು ಒಂದು ಸೆಳೆವ ಬಂತು. ಪಕ್ಕದಲ್ಲಿ ಇನ್ನೂ ನೀರಿದ್ದ ಭೇರಿಗಳನ್ನು ದಾಟಿ, ಅಲ್ಲೆಲ್ಲೂ ಇಳಿಯದೆ, ಈ ಮರಳಿನ ಮೇಲೆ ತಗ್ಗಿತು. ಮೊದಲು ಜೊಂಡಿದ್ದ ಅಂಚಿನ ಗುಂಟ ಅತ್ತ ಹೋಗಿ ಇತ್ತ ಬಂತು. ಅಲ್ಲಿ ಈಗ ಅಂಚೂ ಇರಲಿಲ್ಲ. ಕಾಲು ಇಳಿಬಿಟ್ಟಾಗ ಉಂಗುರ ಬರಿಗಣ್ಣಿಗೂ ಕಂಡಿತು. ಸಂಖ್ಯೆ ಯಾವ ದುರ್ಬೀನಿಗೂ ಕಾಣುವಂತಿರಲಿಲ್ಲ. ಅದನ್ನು ಬಲೆಗೆ ಕೆಡವಲು ಬಚ್ಚಿಟ್ಟುಕೊಳ್ಳುವ ಒಂದು ಎಲೆಯೂ ಆ ಬಯಲಿನಲ್ಲಿ ಉಳಿದಿರಲಿಲ್ಲ.

ಕಾಕಾ ಎದ್ದು ನಿಂತರು. "ಓಯ್ ಚಿಲ್‌ಟಾ, ದಿದಿ! ಆಮಾರ್ ಚಿಲ್‌ಟಾ!" ಅದೇ ಹಕ್ಕಿ, ನಾನು ಬಿಟ್ಟ ಹಕ್ಕಿ. ಅದೇ ಅಲ್ಲವಾ ಎಂದು ಅಕ್ಕೋರನ್ನು ಕೇಳಿದರು.

ನಾನು ಅಕ್ಕೋರ ಮುಖ ನೋಡಿದೆ. ಓದಲಾರದ್ದನ್ನು ಹೇಳದವರು. ಅವರು ದುರ್ಬೀನು ಕೆಳಗಿಳಿಸಿ ಮಡಿಲಲ್ಲಿಟ್ಟುಕೊಂಡರು.

"ಹ್ಯಾಂ ಕಾಕಾ," ಎಂದರು. "ಓಟಾಯ್." ಹೌದು, ಅದೇ.

ಆ ದಿನದ ಎಣಿಕೆಯಲ್ಲಿ ಅವರು ಅದನ್ನು ಬರೆದರೋ ಇಲ್ಲವೋ ನಾನು ನೋಡಲಿಲ್ಲ. ಮಾರನೆಯ ವರ್ಷ ನನಗೆ ದೆಹಲಿಗೆ ವರ್ಗವಾಯಿತು. ಅಕ್ಕೋರು ನಿವೃತ್ತರಾಗಿ ಧಾರವಾಡಕ್ಕೆ ಮರಳಿದರು ಎಂದು ಕೇಳಿದೆ. ಹೋಗಿ ನೋಡಬೇಕು ಎನ್ನುತ್ತಲೇ ವರ್ಷಗಳು ಹೋದವು... ಅವರು ತೀರಿಕೊಂಡ ಸುದ್ದಿಯನ್ನು ಹೋಟೆಲಿನ ಮಾಲೀಕರ ಮಗ ಫೋನಿನಲ್ಲಿ ಹೇಳಿದ, ಬೇರೆ ಏನೋ ಮಾತಿನ ನಡುವೆ.

ಹೋದ ವಾರ ಬೇರೆ ಕೆಲಸದ ಮೇಲೆ ಕೋಲ್ಕತ್ತೆಗೆ ಹೋಗಿದ್ದೆ. ಕಸ್ಬಾ ಕಡೆ ಆಟೋದಲ್ಲಿ ಹೋಗಿ, ಅಂದಾಜಿನ ಮೇಲೆ ಒಂದು ಕಟ್ಟಡದ ಮುಂದೆ ಇಳಿದೆ. ಹತ್ತಾರು ಅಂತಸ್ತು, ಕೆಳಗೆ ಅಂಗಡಿಗಳು, ಅದರ ಕೆಳಗೆ ಕಾರು ನಿಲ್ಲಿಸುವ ಜಾಗ. ನಾನು ಬಹಳ ಹೊತ್ತು ನಿಂತದ್ದನ್ನು ಕಂಡು ಕಾವಲುಗಾರ ಹತ್ತಿರ ಬಂದ. ಯಾರನ್ನು ಹುಡುಕುತ್ತಿದ್ದೀರಿ ಎಂದು ಕೇಳಿದ. ಇಲ್ಲಿ ಹಿಂದೆ ನೀರಿತ್ತು ಎಂದೆ.

"ನೀರಾ?" ಅವನು ನಕ್ಕ. "ಹಿಂದೆ ಯಾಕೆ ಬಾಬು, ಪ್ರತಿ ಮಳೆಗಾಲಕ್ಕೂ ಬರುತ್ತೆ. ಪಕ್ಕದ ಬಿಲ್ಡಿಂಗಿಗೆ ಹೋಗಲ್ಲ, ಆಚೆಯದಕ್ಕೂ ಹೋಗಲ್ಲ. ಎಷ್ಟು ಪಂಪು ಹಚ್ಚಿದರೂ ಇಲ್ಲಿಗೇ ಬಂದು ನಿಲ್ಲುತ್ತೆ." ಸೊಂಟಕ್ಕೆ ಕೈಯಿಟ್ಟು ಎಷ್ಟು ಎತ್ತರವೆಂದು ತೋರಿಸಿದ.

ಇದನ್ನು ಅಕ್ಕೋರಿಗೆ ಹೇಳಬೇಕು ಎಂದು ಎಷ್ಟು ಜೋರಾಗಿ ಅನ್ನಿಸಿತೆಂದರೆ, ಯಾವ ಬಸ್ಸು ಹಿಡಿದರೆ ಬೇಗ ಜಾದವ್‌ಪುರ ಮುಟ್ಟಬಹುದು ಎಂದು ರಸ್ತೆಯತ್ತ ತಿರುಗಿದ್ದೆ. ಅವರಿಲ್ಲ ಎಂದು ಬಹಳ ವರ್ಷಗಳಿಂದ ಗೊತ್ತಿದ್ದದ್ದು, ಆಗ ಗೊತ್ತಾಯಿತು.