ಗರಗಸದ ಮುಂದೆ ರುಮಾಲು

ಯಂತ್ರದ ಜೊತೆಗೆ ಬರುವ ಸಣ್ಣ ಪುಸ್ತಕಕ್ಕೆ ನಮ್ಮ ಮನೆಯಲ್ಲಿ ಸಿಗುವ ಗೌರವವನ್ನು ನಾನು ಬಹಳ ವರ್ಷಗಳಿಂದ ನೋಡುತ್ತಾ ಬಂದಿದ್ದೇನೆ. ಮಿಕ್ಸರಿನ ಪುಸ್ತಕ ಹಪ್ಪಳದ ಡಬ್ಬಿಯ ತಳ ಸೇರಿತು, ಪಂಪಿನದು ಬೀಸಣಿಗೆಯಾಯಿತು. ಮೊನ್ನೆ ಮೊಮ್ಮಕ್ಕಳಾದ ನೀವು ತಂದ ವಿದ್ಯುತ್ ಗರಗಸದ ಪುಸ್ತಕವಂತೂ ಬಂದ ದಿನವೇ ಕುಂಟುತ್ತಿದ್ದ ನನ್ನ ಮಂಚದ ಕಾಲಿನ ಕೆಳಗೆ ಹೋಗಿ, ನನಗೆ ಸುಖನಿದ್ರೆಯನ್ನು ದಯಪಾಲಿಸಿತು. ನಿದ್ರೆಗೆ ಕಾರಣವಾದದ್ದು ಏನೆಂದು ತಿಳಿಯುವ ಕುತೂಹಲದಿಂದ ನಾನು ಅದನ್ನು ಎಳೆದು ತೆಗೆದು, ಕನ್ನಡಕ ಏರಿಸಿ, ಕನ್ನಡವಿಲ್ಲದ್ದರಿಂದ ಮರಾಠಿ ಪುಟಗಳನ್ನೇ ಅಕ್ಷರ ಕೂಡಿಸಿ ಕೂಡಿಸಿ ಓದಿದೆ. ಸಡಿಲವಾದ ಬಟ್ಟೆ ತೊಡಬಾರದು, ಓಡುವ ಚಕ್ರದ ಹತ್ತಿರ ಕೈ ಒಯ್ಯಬಾರದು, ಹಲ್ಲುಗಳನ್ನು ಮುಟ್ಟುವ ಮೊದಲು ಕರೆಂಟು ತೆಗೆಯಬೇಕು ಎಂದೆಲ್ಲ ಇದೆ. ಪಕ್ಕದಲ್ಲಿ ಒಬ್ಬನ ಚಿತ್ರ. ಬಿಗಿ ಅಂಗಿ, ಬರಿದಲೆ. ಅವನ ಮುಖ ನೋಡಿದರೇ ಗೊತ್ತಾಗುತ್ತದೆ, ಅವನಿಗೆ ಎದುರಿಗೆ ಕುಳಿತ ಅಪ್ಪನೂ ಇಲ್ಲ, ಬೀಗರೂ ಇಲ್ಲ, ನಾಲ್ಕು ಮಂದಿಯ ಚಿಂತೆಯೂ ಇಲ್ಲ.

ನಿಮ್ಮ ಅಜ್ಜನಿಗೆ ಅವೆಲ್ಲವೂ ಇದ್ದವು.

ನಾನು ಈ ಗಡಿಯೂರು ತಿಕೋಂಡಿಗೆ ಸೊಸೆಯಾಗಿ ಬಂದದ್ದು ಜತ್ತ ಸಂಸ್ಥಾನ ಮುಗಿದ ಒಂದೆರಡು ವರ್ಷಗಳಿಗೆ. ಅಸಂಗಿಯ ಕನ್ನಡ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಕಲಿತಿದ್ದೆ. ಕಲಿತದ್ದನ್ನು ಯಾರ ಮುಂದೆಯೂ ತೋರಿಸಲಾರದಷ್ಟು ನಾಚಿಕೆಯನ್ನು ಮಾತ್ರ ಶಾಲೆಯ ಹಂಗಿಲ್ಲದೆ ಹುಟ್ಟಿನಿಂದಲೇ ಸಂಪಾದಿಸಿದ್ದೆ. ಬಳೆಗಾರ ಬಂದರೆ ಬಾಗಿಲ ಮರೆಯಿಂದ ಕೈಯನ್ನಷ್ಟೇ ಹೊರಗೆ ಚಾಚುತ್ತಿದ್ದೆ. ಇಂಥವಳ ಗಂಡನಿಗೆ ಊರಲ್ಲೇ ಅತಿ ಹೆಚ್ಚು ಗದ್ದಲ ಮಾಡುವ ಉದ್ಯೋಗವಿತ್ತು: ಎಣ್ಣೆ ಇಂಜಿನ್ನಿನ ಮೇಲೆ ಓಡುವ ಹಿಟ್ಟಿನ ಗಿರಣಿ. ಅದು ಸಾಲದೆಂಬಂತೆ ಅವರು ಸಾಂಗಲಿಯ ಕಡೆಯಿಂದ ಪರಾತದಷ್ಟು ದೊಡ್ಡ ಗರಗಸದ ಚಕ್ರವನ್ನು ತಂದು, ಗಿರಣಿಯ ಮಗ್ಗುಲಿಗೇ ತಗಡಿನ ಛಪ್ಪರ ಹಾಕಿ, ಅದೇ ಇಂಜಿನ್ನಿನಿಂದ ಒಂದು ಅಗಲವಾದ ಪಟ್ಟಾ, ಅಂದರೆ ಬೆಲ್ಟು, ಎಳೆದು ಅದನ್ನು ತಿರುಗಿಸಿದರು. ಅಲ್ಲಿಯವರೆಗೆ ಒಬ್ಬ ದಿಮ್ಮಿಯ ಮೇಲೆ, ಒಬ್ಬ ಕೆಳಗೆ ನಿಂತು ಉದ್ದನ್ನ ಗರಗಸವನ್ನು ಬೆಳಗಿನಿಂದ ಸಂಜೆಯವರೆಗೆ ಎಳೆದಾಡಿ ಒಂದು ಹಲಗೆ ಸೀಳುತ್ತಿದ್ದರು. ಈ ಚಕ್ರವೋ, ಎಲೆ ಅಡಿಕೆ ಹಾಕಿಕೊಳ್ಳುವಷ್ಟರಲ್ಲಿ ಕೆಲಸ ಮುಗಿಸಿ ಇನ್ನೊಂದು ಕೊಡು ಎನ್ನುತ್ತಿತ್ತು.

ಹೊಸ ಸೊಸೆಯನ್ನೂ ಹೊಸ ಗರಗಸವನ್ನೂ ಹೇಗೆ ನಡೆಸಿಕೊಳ್ಳಬೇಕೆಂದು ಮನೆಯವರಿಗೆ ಮೊದಮೊದಲು ತಿಳಿಯಲಿಲ್ಲ. ದಸರೆಯ ಖಂಡೇಪೂಜೆಯಲ್ಲಿ ಕುರುಪಿ, ಕೊಡಲಿ, ಕುಡಗೋಲುಗಳ ಜೊತೆ ಗರಗಸಕ್ಕೂ ವಿಭೂತಿ ಬಳಿದದ್ದು ಸರಿಯೇ. ನಮ್ಮ ಅತ್ತೆ ಅಷ್ಟಕ್ಕೆ ನಿಲ್ಲದೆ, ವರ್ಷವಿಡೀ ದುಡಿದ ದೇಹವೆಂದು ಪಟ್ಟಾಕ್ಕೂ ಕುಸುಬಿ ಎಣ್ಣೆ ತಿಕ್ಕಿದರು. ಮರುದಿನ ಇಂಜಿನ್ನು ಓಡಿತು, ಪಟ್ಟಾ ಜಾರಿತು, ಗರಗಸ ಮಾತ್ರ ಧ್ಯಾನಕ್ಕೆ ಕುಳಿತ ಸನ್ಯಾಸಿಯಂತೆ ಅಲುಗಾಡಲಿಲ್ಲ. ಕೆಲಸಕ್ಕಿದ್ದ ಮೌಲಾ ಮಿಸ್ತ್ರಿ ಅರ್ಧ ದಿನ ಅದನ್ನು ಒರೆಸಿ, ರಾಳದ ಪುಡಿ ಹಾಕಿ, ಎಣ್ಣೆ ಕುಡಿಸಬೇಕಾದದ್ದು ಅಚ್ಚು ತಿರುಗುವ ಗುಂಬಕ್ಕೆ, ಪಟ್ಟಾಕ್ಕಲ್ಲ ಎಂದು ಮನೆಮಂದಿಗೆಲ್ಲ ತಿಳಿಸಿ ಹೇಳಿದ. ಹೇಳುವ ಭರದಲ್ಲಿ ಆತನೇ ಎಣ್ಣೆಯ ಡಬ್ಬಿಯನ್ನು ಒದ್ದು ಚೆಲ್ಲಿದ.

ಸೋಮವಾರ ನಮ್ಮಲ್ಲಿ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಎತ್ತಿನ ಕೆಲಸವನ್ನೇ ಮಾಡುವ ಗರಗಸಕ್ಕೂ ಅದೇ ನಿಯಮ ಎಂದು ಮಾವ ತೀರ್ಮಾನಿಸಿದರು. ಗಿರಾಕಿಗಳು ಬಂಡಿ ಹೂಡದ ದಿನ ಯಾರೂ ದಿಮ್ಮಿ ತರುವುದೂ ಇಲ್ಲವಾದ್ದರಿಂದ ನಿಮ್ಮ ಅಜ್ಜ ಒಪ್ಪಿದರು, ಮತ್ತು ಆ ದಿನವನ್ನು ಗರಗಸದ ಉಪಚಾರಕ್ಕೆ ಮೀಸಲಿಟ್ಟರು. ಪರಗಂಡಸರು ಬಾರದ ದಿನವಾದ್ದರಿಂದ ನನಗೂ ಛಪ್ಪರದೊಳಗೆ ಹೋಗಲು ಧೈರ್ಯವಾಗುತ್ತಿತ್ತು. ಅವರು ಮೊದಲು ಪಟ್ಟಾ ಕಳಚಿ ಗೋಡೆಗೆ ತೂಗುಹಾಕುತ್ತಿದ್ದರು. ಪಟ್ಟಾ ಕಣ್ಣೆದುರು ಗೋಡೆಯ ಮೇಲೆ ಕಾಣದ ಹೊರತು ಹಲ್ಲಿಗೆ ಬೆರಳು ಮುಟ್ಟಿಸುತ್ತಿರಲಿಲ್ಲ. ಆಮೇಲೆ ಚಿಮಣಿ ಎಣ್ಣೆಯಿಂದ ಜಾಲಿಯ ಅಂಟು ತೊಳೆದು, ಒಂದು ಹಲ್ಲು ಎಡಕ್ಕೆ, ಇನ್ನೊಂದು ಬಲಕ್ಕೆ ವಾಲಿದೆಯೇ ಎಂದು ನೋಡಿ, ಕಾನಸು ಎಂಬ ಅರದಿಂದ ಒಂದೊಂದನ್ನೇ ಮಸೆಯುವರು. ನಾನು ಮರದ ಹೊಟ್ಟು ಗುಡಿಸುತ್ತಾ ಕೇಳುತ್ತಿದ್ದೆ. ಮೊಂಡಾದ ಗರಗಸವೇ ಹೆಚ್ಚು ಅಪಾಯ, ಅದು ಕೊಯ್ಯಲಾರದೆ ಮರವನ್ನು ಮನುಷ್ಯನ ಮೇಲೆ ಎಸೆಯುತ್ತದೆ ಎನ್ನುವರು. ಹೀಗೆ ಕೇಳಿ ಕೇಳಿ, ಒಲೆಯ ಮುಂದೆ ರೊಟ್ಟಿ ಬಡಿಯುತ್ತಲೇ ಗರಗಸದ ದನಿಯಿಂದ ಹಲ್ಲು ಮೊಂಡಾಗಿದೆಯೇ ಇಲ್ಲವೇ ಎಂದು ಹೇಳುವಷ್ಟು ಪಂಡಿತಳಾದೆ. ದಿಮ್ಮಿಯ ಕೊನೆಯ ಗೇಣನ್ನು ಕೈಯಿಂದ ತಳ್ಳಬಾರದು, ಕೋಲಿನಿಂದ ತಳ್ಳಬೇಕು ಎಂಬ ನಿಯಮಕ್ಕೆ ನನ್ನ ಕಾಣಿಕೆಯೂ ಉಂಟು: ಅಂಬಲಿ ತಿರುವುವ ಕಟ್ಟಿಗೆಯ ಹುಟ್ಟನ್ನು ಅವರಿಗೆ ಕೊಟ್ಟುಬಿಟ್ಟೆ. ಅತ್ತೆ ಅದನ್ನು ಒಂದು ವಾರ ಹುಡುಕಿ ಬೆಕ್ಕನ್ನು ಬೈದರು.

ದಿಮ್ಮಿಗಳ ವಿಷಯವನ್ನೂ ಹೇಳಬೇಕು. ಮೈಮೇಲೆ ಬಂದ ದೆವ್ವವನ್ನು ಹುಣಸೆಮರಕ್ಕೆ ಮೊಳೆ ಹೊಡೆದು ಕಟ್ಟಿಹಾಕುವ ಪದ್ಧತಿ ಆಗ ನಮ್ಮ ಭಾಗದಲ್ಲಿ ಸಾಮಾನ್ಯವಾಗಿತ್ತು. ಹಳೆಯ ಹುಣಸೆ ಬಂತೆಂದರೆ ಅದರೊಳಗೆ ಎಷ್ಟು ದೆವ್ವಗಳೋ ಅಷ್ಟು ಮೊಳೆಗಳು. ದೆವ್ವ ಬಿಡುಗಡೆಯಾದೀತೆಂದು ಮಾವನಿಗೆ ಭಯ, ಹಲ್ಲು ಮುರಿದು ಹಾರೀತೆಂದು ಮಿಸ್ತ್ರಿಗೆ ಭಯ. ಭಯಗಳು ಬೇರೆಯಾದರೂ ಇಬ್ಬರೂ ಕೂಡಿಯೇ ದಿಮ್ಮಿಯ ಸುತ್ತ ತಿರುಗಿ, ತೊಗಟೆಯ ಮೇಲೆ ಕೈಯಾಡಿಸಿ, ಸಿಕ್ಕ ಮೊಳೆಯನ್ನು ಕೀಳುತ್ತಿದ್ದರು. ಕಿತ್ತ ಮೊಳೆಯನ್ನು ಮಾವ ಹಿತ್ತಲಿನ ಬೇವಿಗೆ ಹೊಡೆದುಬಿಡುತ್ತಿದ್ದರು, ದೆವ್ವಕ್ಕೆ ಮನೆ ತಪ್ಪಬಾರದೆಂದು.

ಮಾವನಿಗೆ ಗರಗಸದ ಮೇಲೆ ಸಿಟ್ಟಿರಲಿಲ್ಲ. ಸಿಟ್ಟಿದ್ದದ್ದು ಮಗನ ವೇಷದ ಮೇಲೆ. ಧೋತರದ ಚುಂಗು, ತಲೆಗೆ ಸುತ್ತಿದ ರುಮಾಲಿನ ಸೆರಗು, ಹೆಗಲ ಶಲ್ಯ, ಇವೆಲ್ಲ ಪಟ್ಟಾಕ್ಕೆ ಮೇವು ಎಂದು ನಿಮ್ಮ ಅಜ್ಜ ಚಡ್ಡಿ ತೊಟ್ಟು, ಅಂಗಿಯನ್ನು ಒಳಗೆ ಸಿಕ್ಕಿಸಿ, ಬರಿದಲೆಯಲ್ಲಿ ನಿಲ್ಲುವರು. ಆ ಕಾಲದಲ್ಲಿ ಅಪ್ಪ ಬದುಕಿರುವಾಗ ಮಗ ನಾಲ್ಕು ಜನರೆದುರು ಬರಿದಲೆಯಲ್ಲಿ ನಿಂತರೆ ನೋಡಿದವರು ಏನು ತಿಳಿಯಬೇಕು? ಮಾವ ಕಟ್ಟೆಯ ಮೇಲೆ ಕುಳಿತು ಬಂದವರಿಗೆಲ್ಲ ಹೇಳುವರು:

“ನಾ ಇನ್ನೂ ಜೀವಂತ ಅದೀನಿ ಅನ್ನೂದು ಇವಗ ನೆನಪ ಇಲ್ಲೇನ್ರಿ?”

ಹೀಗಿರುವಾಗ ನನ್ನ ನಾದಿನಿ ಗೌರವ್ವನನ್ನು ನೋಡಲು ಶೇಗಾಂವದ ಕಡೆಯಿಂದ ಮಂದಿ ಬಂದರು. ಹುಡುಗನ ಅಪ್ಪ ದೊಡ್ಡ ಮೀಸೆಯ, ಕಡಿಮೆ ಮಾತಿನ ಯಜಮಾನ. ಹುಡುಗಿಯನ್ನು ನೋಡಿದ್ದಾಯಿತು, ಅವಲಕ್ಕಿ ತಿಂದದ್ದಾಯಿತು. ಮಾವನಿಗೆ ಗರಗಸವನ್ನೂ ತೋರಿಸುವ ಉಮೇದು ಬಂತು. ಆದರೆ ಬೀಗರಾಗುವವರ ಮುಂದೆ ಮಗ ಚಡ್ಡಿಯಲ್ಲಿ ನಿಲ್ಲಬಹುದೇ? ಮದುವೆಯ ಧೋತರ, ಜರಿಯ ರುಮಾಲು, ಎರಡೂ ಹೆಗಲ ಮೇಲೆ ಹೊದೆಯುವ ಶಲ್ಯ, ಎಲ್ಲವೂ ಪೆಟ್ಟಿಗೆಯಿಂದ ಹೊರಬಂದವು. ಒಂದೇ ಹಲಗೆಯ ಮಾತು, ಅಪ್ಪನ ಮನಸ್ಸು ನೋಯಿಸುವುದೇಕೆ ಎಂದು ನಿಮ್ಮ ಅಜ್ಜ ಸುಮ್ಮನೆ ತೊಟ್ಟುಕೊಂಡರು. ಶಲ್ಯವನ್ನಾದರೂ ತೆಗೆದಿಡಿರೆಂದು ಮಿಸ್ತ್ರಿ ಅಂದ; ನಾಲ್ಕು ಮಂದಿಯ ಎದುರು ನಿನ್ನ ಮಾತು ಬೇಡ ಎಂದು ಮಾವ ಅವನ ಬಾಯಿ ಮುಚ್ಚಿಸಿದರು. ಅವನು ಹಲಗೆ ಹಿಡಿಯಲು ಗರಗಸದ ಮೇಜಿನ ಆಚೆ ತುದಿಗೆ ಹೋದ.

ನಾನು ಅಡುಗೆಮನೆಯ ಕಿಟಕಿಯಲ್ಲಿದ್ದೆ. ಅಲ್ಲಿಂದ ನನಗೆ ನಿಮ್ಮ ಅಜ್ಜನ ಬೆನ್ನು ಕಾಣುತ್ತಿತ್ತು, ಬೆನ್ನ ಹಿಂದೆ ಒಂದು ಮೊಳದಲ್ಲಿ ಓಡುತ್ತಿದ್ದ ಪಟ್ಟಾ ಕಾಣುತ್ತಿತ್ತು. ಬಂದವರೆಲ್ಲ ಮುಂದೆ ಕುಳಿತು ಚಕ್ರವನ್ನೇ ನೋಡುತ್ತಿದ್ದರು. ದಿಮ್ಮಿಯನ್ನು ಒಂದೊಂದು ಸಲ ತಳ್ಳಿದಾಗಲೂ ಶಲ್ಯ ಹೆಗಲಿನಿಂದ ಚೂರು ಚೂರೇ ಹಿಂದಕ್ಕೆ ಜಾರುತ್ತಿತ್ತು. ಪಟ್ಟಾದ ಗಾಳಿಗೆ ಅದರ ಸೆರಗು ಮೇಲೇಳುವುದು, ಬೀಳುವುದು, ಮತ್ತೆ ಏಳುವುದು.

ಹಿಟ್ಟಿನ ಕೈಯಲ್ಲೇ ಅಂಗಳಕ್ಕೆ ಓಡಿದೆ. “ರೀ” ಎಂದು ಕೂಗಿದೆ. ಇಂಜಿನ್ನು ಅದನ್ನು ನುಂಗಿತು. ಇನ್ನೂ ಜೋರಾಗಿ ಕೂಗಿದೆ. ಮೀಸೆಯ ಯಜಮಾನರು ತಿರುಗಿ ನೋಡಿದರು, ಅವರ ಪಕ್ಕದವರೂ ನೋಡಿದರು. ಅವರೆಲ್ಲರೂ ಅವರವರ ಮನೆಗಳಲ್ಲಿ ರೀ ಎಂದು ಕರೆಸಿಕೊಳ್ಳುವವರೇ ಅಲ್ಲವೇ? ತಿರುಗಬೇಕಾದವರು ಮಾತ್ರ ತಿರುಗಲಿಲ್ಲ.

ಗಂಡನ ಹೆಸರು ಹೇಳುವುದೆಂದರೆ ಆಗ ನಮಗೆ ಏನೆಂದು ನಿಮಗೆ ತಿಳಿಯದು. ಮದುವೆಯ ದಿನ ಒಡಪಿನ ಪದ್ಯದಲ್ಲಿ ಗಂಡನ ಹೆಸರು ಹೇಳಿದರೇ ಒಳಗೆ ಬಿಡುತ್ತೇವೆಂದು ಹೆಂಗಸರು ಬಾಗಿಲಿಗೆ ಅಡ್ಡ ನಿಂತಾಗ, ಬಾಯಿಪಾಠ ಮಾಡಿದ್ದ ಒಡಪನ್ನೂ ಮರೆತು ನಾನು ಅಳಲು ತೊಡಗಿದ್ದಕ್ಕೆ ಪಾಪವೆಂದು ಒಳಗೆ ಬಿಟ್ಟಿದ್ದರು. ಆ ಹೆಸರು ಅಂದಿನವರೆಗೆ ನನ್ನ ಬಾಯಿಂದ ಒಮ್ಮೆಯೂ ಹೊರಗೆ ಬಂದಿರಲಿಲ್ಲ.

“ಗುರುಪಾದಾ!”

ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಅವರು ಬೆಚ್ಚಿ, ಎರಡೂ ಕೈಗಳನ್ನು ದಿಮ್ಮಿಯಿಂದ ಮೇಲೆತ್ತಿ, ಗರಗಸದಿಂದ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಹೊರಳಿದರು. ಅದೇ ಕ್ಷಣ ಶಲ್ಯದ ಸೆರಗು ಪಟ್ಟಾಕ್ಕೆ ಸಿಕ್ಕಿತು. ಕೈ ಮೇಲೆತ್ತಿದ್ದರಿಂದ ಅದು ಅವರ ಮೈಯಿಂದ ಸುಲಭವಾಗಿ ಕಳಚಿಕೊಂಡು ಹೋಗಿ ಪಟ್ಟಾದ ಗಾಲಿಗೆ ಸುತ್ತಿತು. ಪಟ್ಟಾ ಎಗರಿ ಬಿತ್ತು. ಗರಗಸ ಊಳಿಡುತ್ತಾ ನಿಧಾನವಾಗಿ ನಿಂತಿತು. ಮಿಸ್ತ್ರಿ ಓಡಿ ಇಂಜಿನ್ನು ಬಂದ್ ಮಾಡಿದ. ಜರಿಯ ಶಲ್ಯ ಹಗ್ಗದಂತೆ ಹೊಸೆದು ಹೋಗಿತ್ತು. ಅದರ ಜಾಗದಲ್ಲಿ ಏನಿರಬಹುದಿತ್ತೆಂದು ಎಲ್ಲರಿಗೂ ಕಾಣಿಸುತ್ತಿತ್ತು.

ನಾನು ಒಳಗೆ ಓಡಿ ಜೋಳದ ಕಣಜದ ಹಿಂದೆ ಕುಳಿತೆ. ಮುಂದೆ ನಡೆದದ್ದನ್ನು ಅತ್ತೆಯ ಬಾಯಿಂದ ಕೇಳಿದ್ದೇನೆ. ಮಾವ ಆ ಹೊಸೆದ ಶಲ್ಯವನ್ನು ಗಾಲಿಯಿಂದ ಬಿಡಿಸಿದರಂತೆ. ಆಮೇಲೆ ತಮ್ಮ ರುಮಾಲನ್ನೇ ತೆಗೆದು ಛಪ್ಪರದ ಕಂಬದ ಗೂಟಕ್ಕೆ ಸಿಕ್ಕಿಸಿ, ಬೀಗರ ಮುಂದೆ ಬರಿದಲೆಯಲ್ಲಿ ನಿಂತು ಹೇಳಿದರಂತೆ: “ರುಮಾಲ ಮನ್ಯಾಗ ಇರಲಿ. ಇಲ್ಲಿ ತಲಿ ಉಳದರ ಸಾಕು.”

ಮೀಸೆಯ ಯಜಮಾನರು ತಮ್ಮ ರುಮಾಲನ್ನೂ ತೆಗೆದು ಪಕ್ಕದ ಗೂಟಕ್ಕೆ ಹಾಕಿದರು. “ಗೌಡ್ರ, ನಿಮ್ಮ ಸೊಸಿ ದನಿ ಚಲೋ ಐತ್ರಿ. ಗೌರವ್ವಗೂ ಒಂದೀಟ ಕಲಿಸಿ ಕಳಸ್ರಿ” ಎಂದರು. ಸಂಬಂಧ ಗಟ್ಟಿಯಾಯಿತು.

ಅತ್ತೆ ನನ್ನನ್ನು ಕಣಜದ ಹಿಂದಿನಿಂದ ಎಳೆದು ತಂದರು. “ಕರಿಯೂದ ಕರದಿ, ಇನ್ನ ಅಡಗಿ ಕುಂತು ಏನ ಮಾಡತಿ? ಮಂದಿ ಉಣ್ಣಾಕ ಕುಂತಾರ, ರೊಟ್ಟಿ ಬಡಿ.” ಆ ದಿನದ ರೊಟ್ಟಿಗಳು ಯಾವ ಆಕಾರದಲ್ಲಿದ್ದವೆಂದು ಹೇಳಲಾರೆ. ಎಲ್ಲರೂ ಹೋದ ಮೇಲೆ ನಿಮ್ಮ ಅಜ್ಜ ಕೈಕಾಲು ತೊಳೆಯಲು ಬಂದರು. ನಾನು ನೀರು ಹಾಕುತ್ತಿದ್ದೆ.

“ಹ್ಯಾಂಗ ಕರದಿ? ಇನ್ನೊಮ್ಮೆ ಕರಿ ನೋಡೋಣು.”

“ಇಂಜಿನ್ ಬಂದ್ ಐತ್ರೀ” ಎಂದೆ. ಅವರು ನಕ್ಕದ್ದು ಮಾವನಿಗೆ ಹೊರಗೆ ಕೇಳಿಸಿರಬೇಕು.

ಅಂದಿನಿಂದ ಛಪ್ಪರಕ್ಕೆ ಎರಡು ಕಾನೂನುಗಳು ಬಂದವು. ಒಳಗೆ ಬರುವವರು ಪಾಟೀಲರಾಗಲಿ, ಮಠದವರಾಗಲಿ, ತೂಗಾಡುವುದನ್ನೆಲ್ಲ ಗೂಟಕ್ಕೆ ಹಾಕಿ ಬರಬೇಕು. ಕೆಲವು ದಿನ ಆ ಕಂಬ ಎಷ್ಟು ಬಣ್ಣಬಣ್ಣವಾಗಿರುತ್ತಿತ್ತೆಂದರೆ, ಪರವೂರಿನವರು ಇದಾವ ದೇವರೆಂದು ಕೈಮುಗಿದು ಹೋದದ್ದೂ ಉಂಟು. ಎರಡನೆಯದು, ಇಂಜಿನ್ನು ಓಡುವಾಗ ದೊಡ್ಡವರು ಸಣ್ಣವರೆನ್ನದೆ ಎಲ್ಲರನ್ನೂ ಹೆಸರು ಹಿಡಿದೇ ಕರೆಯಬೇಕು. ಮೌಲಾ ಮಿಸ್ತ್ರಿ ಮಾವನನ್ನು ಹೆಸರು ಹಿಡಿದು ಕರೆಯಲು ಒಂದು ತಿಂಗಳು ಅಭ್ಯಾಸ ಮಾಡಬೇಕಾಯಿತು. ನಾನೂ ಆ ಕಾನೂನಿನಡಿಯಲ್ಲಿ ಎಷ್ಟೋ ಸಲ ಕಿಟಕಿಯಿಂದ ಕೂಗಿದ್ದೇನೆ, ಅರ್ಧಕ್ಕರ್ಧ ಸಲ ಊಟಕ್ಕೆ ಕರೆಯಲು. ಇಂಜಿನ್ನು ನಿಂತೊಡನೆ ಅವರು ಮತ್ತೆ ನನಗೆ ರೀ ಆಗುತ್ತಿದ್ದರು. ಹತ್ತೂ ಬೆರಳುಗಳನ್ನು ಹಾಗೆಯೇ ಇಟ್ಟುಕೊಂಡು ಮುಪ್ಪಾದರು, ಹೋದರು.

ಹೋದ ತಿಂಗಳು ಪಿಂಚಣಿಯ ಕೆಲಸಕ್ಕೆ ನೀವು ನನ್ನನ್ನು ಜತ್ತದ ಕಚೇರಿಗೆ ಕರೆದೊಯ್ದಿರಲ್ಲ, ಅಲ್ಲಿ ನನ್ನ ವಯಸ್ಸಿನ ಹೆಂಗಸರು ಗಂಡನ ಹೆಸರು ಕೇಳಿದೊಡನೆ ಸೆರಗು ಬಾಯಿಗೆ ಹಿಡಿದು ಮೊಮ್ಮಕ್ಕಳ ಮುಖ ನೋಡುತ್ತಿದ್ದರು. ನನ್ನ ಪಾಳಿ ಬಂತು. ನಾನು ಹೇಳಿದೆ. ಬರೆದುಕೊಳ್ಳುತ್ತಿದ್ದ ಬಾಬು ಬೆಚ್ಚಿ ತಲೆಯೆತ್ತಿದ, ಸಾಲಿನಲ್ಲಿದ್ದವರೆಲ್ಲ ತಿರುಗಿದರು, ನೀವು ನನ್ನ ಕೈ ಒತ್ತಿ, “ಅಜ್ಜೀ, ಮೆಲ್ಲಕ ಹೇಳು, ಕೇಳಸತೈತಿ” ಎಂದಿರಿ.

ಕೇಳಿಸುತ್ತದೆಂದು ನನಗೂ ಗೊತ್ತು, ಮಕ್ಕಳೇ. ಆದರೆ ಆ ಹೆಸರನ್ನು ಸಣ್ಣ ದನಿಯಲ್ಲಿ ಹೇಳುವುದನ್ನು ನಾನು ಕಲಿಯಲೇ ಇಲ್ಲ.