ನಾನು ಬಿಟ್ಟ ಒಂದು ಹೆಸರು

ಅತ್ತಿಗೆಯ ತೋರುಬೆರಳನ್ನು ಫೋನು ಗುರುತಿಸುತ್ತಿರಲಿಲ್ಲ. ಹಾಲು ಕರೆದು, ಹುಲ್ಲು ಕೊಯ್ದು ಆ ಬೆರಳ ತುದಿ ಒಣಗಿದ ತೊಗಟೆಯ ಹಾಗೆ ಬಿರುಕು ಬಿಟ್ಟಿತ್ತು. ಎಷ್ಟು ಒತ್ತಿದರೂ ಪರದೆ ಅಲ್ಲಾಡುತ್ತಿರಲಿಲ್ಲ. ಅದಕ್ಕೇ ಅವಳು ಎಡಗೈಯ ಕಿರುಬೆರಳನ್ನು ಸೆರಗಿಗೆ ಒರೆಸಿಕೊಂಡು, ಉಳಿದ ಬೆರಳುಗಳನ್ನು ಮಡಚಿ, ಅದೊಂದರಿಂದಲೇ ಬರೆಯುತ್ತಿದ್ದಳು. ಆ ಭಾನುವಾರ ಮಧ್ಯಾಹ್ನವೂ ಹಾಗೆಯೇ ಕೂತಿದ್ದಳು. ಮುಂದೆ ಹಿತಕಿದ ಅವರೆಬೇಳೆ ತುಂಬಿದ ಬೋಗುಣಿ, ಮೊಣಕಾಲ ಮೇಲೆ ಫೋನು, ಮೇಲೆದ್ದು ನಿಂತ ಕಿರುಬೆರಳು. ಅವಳು ಉಸಿರಾಡುತ್ತಿದ್ದಾಗ ನಾನು ನೋಡಿದ್ದು ಅದೇ ಕಡೆಯ ಸಲ.

ಇದನ್ನು ಬರೆಯಲು ಕೂತು ಮೂರು ಸಲ ಎದ್ದಿದ್ದೇನೆ. ಒಮ್ಮೆ ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು, ಒಮ್ಮೆ ಬಾಗಿಲಲ್ಲಿ ಯಾರೋ ಕರೆದಂತಾಯಿತು ಎಂದು. ಮೂರನೆಯ ಸಲ ಯಾಕೆ ಎದ್ದೆನೋ ನೆನಪಿಲ್ಲ.

ಅತ್ತಿಗೆ ಎಂದರೆ ನನ್ನ ದೊಡ್ಡಣ್ಣನ ಹೆಂಡತಿ. ಅಕ್ಕಿಹೆಬ್ಬಾಳಿನ ಹತ್ತಿರದ ನಮ್ಮ ಹಳ್ಳಿಗೆ ಅವಳು ಸೊಸೆಯಾಗಿ ಬಂದಾಗ ನನಗೆ ಒಂಬತ್ತು ವರ್ಷ. ನನ್ನ ತಲೆ ಬಾಚಿದವಳು ಅವಳು. ಹೆಣ್ಣುಮಗಳಿಗೆ ಕಾಲೇಜು ಯಾಕೆ ಎಂದು ಮನೆಯಲ್ಲಿ ಮಾತು ಬಂದಾಗ, ನನ್ನನ್ನು ಕರೆದುಕೊಂಡು ಹೋಗಿ ಕೆ.ಆರ್. ಪೇಟೆಯ ಬಸ್ಸಿಗೆ ಹತ್ತಿಸಿ, ಬಸ್ಸು ಹೊರಟ ಮೇಲೆ ಮನೆಗೆ ಹೋಗಿ ಹೇಳಿದವಳೂ ಅವಳೇ. ಈಗ ನಾನು ಶ್ರೀರಂಗಪಟ್ಟಣದಲ್ಲಿದ್ದೇನೆ. ಒಂದು ಖಾಸಗಿ ಶಾಲೆಯ ಕಚೇರಿಯಲ್ಲಿ ಕೆಲಸ. ತಿಂಗಳಿಗೊಂದು ಭಾನುವಾರ ಊರಿಗೆ ಹೋಗಿ ಬರುತ್ತಿದ್ದೆ.

ಆ ಭಾನುವಾರ ಅವಳು ಬೋಗುಣಿಯ ಫೋಟೋ ತೆಗೆದು, ಸೋಷಿಯಲ್ ಮೀಡಿಯಾದಲ್ಲಿ ಹಾಕಲು ಒಬ್ಬೊಬ್ಬರದೇ ಹೆಸರು ಹುಡುಕುತ್ತಿದ್ದಳು. ಜನ ಇದನ್ನು ಟ್ಯಾಗ್ ಮಾಡುವುದು ಎನ್ನುತ್ತಾರೆ. ಅವಳು ಹೆಸ್ರಾಕೋದು ಎನ್ನುತ್ತಿದ್ದಳು. ಮೊದಲ ಅಕ್ಷರ ಒತ್ತುವುದು, ಕೆಳಗೆ ಬರುವ ಚಿಕ್ಕ ಚಿಕ್ಕ ಮುಖಗಳನ್ನು ಕಣ್ಣು ಕಿರಿದು ಮಾಡಿ ನೋಡುವುದು, ಬೇಕಾದವರು ಸಿಕ್ಕರೆ ಮುಟ್ಟುವುದು. ಮೂವತ್ತೈದು ಹೆಸರಿಗೆ ಮುಕ್ಕಾಲು ಗಂಟೆ. ಒಂದೇ ಹೆಸರಿನ ಹಾಸನದ ಕಡೆಯ ಯಾರೋ ಮೇಷ್ಟರನ್ನು ನಮ್ಮ ಸೋದರಮಾವ ಎಂದುಕೊಂಡು ಒಂದು ವರ್ಷ ಅವರ ಹೆಸರು ಹಾಕಿದಳು. ಆ ಪುಣ್ಯಾತ್ಮರು ಪ್ರತಿ ಸಲವೂ ಕೈ ಮುಗಿದ ಚಿತ್ರ ಕಳಿಸುತ್ತಿದ್ದರು. ತಪ್ಪು ಗೊತ್ತಾದ ಮೇಲೂ ಅವಳು ಅವರನ್ನು ಬಿಡಲಿಲ್ಲ. ಇಷ್ಟು ದಿನ ಕರೆದು ಈಗ ಬೇಡ ಅನ್ನುವುದು ಹೇಗೆ ಎಂದಳು.

ಎಲ್ಲ ಮುಗಿದ ಮೇಲೆ ಫೋನು ನನ್ನ ಕೈಗೆ ಕೊಟ್ಟಳು. "ಓದಮ್ಮಿ. ಯಾರ್ನಾರಾ ಬುಟ್ಟಿದ್ದೀನಾ ನೋಡು."

ಓದಿದೆ. ನಾಗಮಂಗಲದ ಚಿಕ್ಕತ್ತಿಗೆಯ ಹೆಸರು ಬಂದಾಗ ನನ್ನ ದನಿ ತಾನಾಗಿ ತಗ್ಗಿತು. ದೊಡ್ಡಣ್ಣ ಹೊರಗೆ ಜಗಲಿಯ ಮೇಲೆ ಕೂತಿದ್ದ.

ಇಲ್ಲಿ ನಮ್ಮ ಮನೆಯ ಮಾತು ಸ್ವಲ್ಪ ಹೇಳಬೇಕು. ನನಗೆ ಅಣ್ಣಂದಿರು ಇಬ್ಬರು. ಚಿಕ್ಕಣ್ಣ ನಾಗಮಂಗಲದಲ್ಲಿ ಅಂಗಡಿ ಇಟ್ಟು, ಅಲ್ಲೇ ಮನೆ ಕಟ್ಟಿಸಿದ. ನಮ್ಮ ಕಡೆ ಶುಭಕಾರ್ಯವಿದ್ದರೆ ಗಂಡ ಹೆಂಡತಿ ಮನೆ ಬಾಗಿಲಿಗೆ ಬಂದು, ಕುಂಕುಮ ಕೊಟ್ಟು, ಮನೆಯಲ್ಲಿರುವ ಒಬ್ಬೊಬ್ಬರ ಹೆಸರು ಹಿಡಿದು ಕರೆಯಬೇಕು. ಚಿಕ್ಕಣ್ಣನಿಗೆ ಬಿಡುವಾಗಲಿಲ್ಲ. ಗೃಹಪ್ರವೇಶದ ಪತ್ರಿಕೆಯನ್ನು ಫೋಟೋ ಹಿಡಿದು ನೆಂಟರ ಗ್ರೂಪಿಗೆ ಹಾಕಿಬಿಟ್ಟ. ದೊಡ್ಡಣ್ಣನ ಹತ್ತಿರ ಆಗ ಅಂಥ ಫೋನೇ ಇರಲಿಲ್ಲ. ಹಾಲಿನ ಡೇರಿಯ ಮುಂದೆ ಪಕ್ಕದ ಮನೆಯವನು ತನ್ನ ಫೋನು ತೆರೆದು, ನಿನ್ನ ತಮ್ಮನ ಮನೆ ಒಕ್ಕಲಂತಲ್ಲ ಎಂದು ತೋರಿಸಿದಾಗಲೇ ಅವನಿಗೆ ಗೊತ್ತಾಗಿದ್ದು.

"ಊರ್ಗೆಲ್ಲ ತೋರ್ಸಿದ್ನ ನಂಗೂ ತೋರ್ಸವ್ನೆ," ಎಂದಷ್ಟೇ ಹೇಳಿದ. ಗೃಹಪ್ರವೇಶಕ್ಕೆ ಹೋಗಲಿಲ್ಲ, ಅತ್ತಿಗೆಯನ್ನೂ ಕಳಿಸಲಿಲ್ಲ. ಒಡಹುಟ್ಟಿದವನನ್ನು ಕರೆಯಲು ಕುಂಕುಮ ಬೇಕಾ ಎಂದು ಚಿಕ್ಕಣ್ಣನೂ ಬಿಗಿದುಕೊಂಡ, ನೆಂಟರ ಗ್ರೂಪಿನಿಂದಲೂ ಹೊರಬಿದ್ದ. ಹಾಗೆ ಆರು ವರ್ಷ. ನಾನು ಯಾರಿಗೂ ಏನೂ ಹೇಳದೆ ದೊಡ್ಡಣ್ಣನ ಮನೆಗೆ ಮಾತ್ರ ಹೋಗಿ ಬರುತ್ತಿದ್ದೆ. ಅದೂ ಒಂದು ಪಕ್ಷ ಹಿಡಿದಂತೆಯೇ ಎಂದು ನನಗೆ ಆಗ ಹೊಳೆಯಲಿಲ್ಲ.

ಅತ್ತಿಗೆ ಫೋನು ಕೊಂಡದ್ದು ಅದಾದ ಮೇಲೆ, ತನ್ನ ಹಾಲಿನ ದುಡ್ಡಿನಲ್ಲಿ. ಮೊದಲು ಹಾಕಿದ ಫೋಟೋ ಆಗ ತಾನೇ ಈದಿದ್ದ ಎಮ್ಮೆಯದು. ಅದಕ್ಕೆ ನನ್ನ ಹೆಸರನ್ನೂ ಹಾಕಿದ್ದಳು. ಮಾರನೆಯ ದಿನ ಶುಲ್ಕ ಕಟ್ಟಲು ಬಂದ ಒಬ್ಬ ತಂದೆ, "ಮೇಡಂ, ನಿಮ್ಮ ಎಮ್ಮೆ ಕರು ಹಾಕಿತಂತೆ," ಎಂದು ಎಲ್ಲರ ಮುಂದೆ ಕೇಳಿ ನಕ್ಕರು. ನನಗೆ ಮುಖ ಎತ್ತಲಾಗಲಿಲ್ಲ. ಕೂಡಲೇ ಫೋನು ತೆಗೆದು ನನ್ನ ಹೆಸರನ್ನು ಅಳಿಸಿದೆ. ಸಂಜೆಯೊಳಗೆ ಅವಳ ಕರೆ ಬಂತು.

"ಯಾಕಮ್ಮಿ, ಎಮ್ಮೆ ಜೊತೇಲಿ ಹೆಸ್ರಿದ್ರೆ ನಿನ್ ಕುರ್ಚಿ ಮುರ್ದೋಯ್ತದಾ?"

ಹಾಗಲ್ಲ ಅತ್ತಿಗೆ, ಶಾಲೆಯವರೆಲ್ಲ ನೋಡುತ್ತಾರೆ ಎಂದು ಏನೋ ಸಮಜಾಯಿಷಿ ಹೇಳಿದೆ. ಅವಳು ಸಿಟ್ಟಾಗಲಿಲ್ಲ. ಎಮ್ಮೆ ಈದಾಗ ಗಿಣ್ಣು ಕಾಯಿಸಿ ಸುತ್ತಲಿನ ಮನೆಗಳಿಗೆಲ್ಲ ಕೊಡುವುದು ನಮ್ಮಲ್ಲಿ ಇರುವುದೇ. ಅತ್ತಿಗೆ ಅದರಲ್ಲಿ ಒಂದು ಮನೆಯನ್ನೂ ಬಿಡುತ್ತಿರಲಿಲ್ಲ. "ನಿಂಗೆ ಅಲ್ಲಿಗಂಟ ಗಿಣ್ಣ ಕಳ್ಸಕ್ಕಾಯ್ತದಾ? ಕೆಟ್ಟೋಯ್ತದೆ. ಅದ್ಕೆ ಹೆಸ್ರಾಕ್ದೆ ಕಣವ್ವ," ಎಂದಳು. ಆಮೇಲೆ ನಾನು ಹೆಸರು ಅಳಿಸಲಿಲ್ಲ. ಹಾಗೆಂದು ಬಂದದ್ದನ್ನೆಲ್ಲ ತೆರೆದು ನೋಡುತ್ತಲೂ ಇರಲಿಲ್ಲ.

ಚಿಕ್ಕತ್ತಿಗೆಯ ಹೆಸರು ಹಾಕುವುದು ಆ ಎಮ್ಮೆಯ ಫೋಟೋದಿಂದಲೇ ಶುರುವಾಗಿತ್ತು. ರಂಗೋಲಿ, ಹಸಿ ಕಡಲೆಕಾಯಿ, ಕರಿಘಟ್ಟದ ಮೆಟ್ಟಿಲು, ಹೇಮಾವತಿಯಲ್ಲಿ ನೀರು ಬಂದದ್ದು, ಎಲ್ಲಕ್ಕೂ. ಆ ಕಡೆಯಿಂದ ಒಂದು ಲೈಕೂ ಬರುತ್ತಿರಲಿಲ್ಲ. ಆ ಭಾನುವಾರ ನಾನು ಕೇಳಿಯೇಬಿಟ್ಟೆ. ಆರು ವರ್ಷದಿಂದ ತಿರುಗಿಯೂ ನೋಡದವಳನ್ನು ಯಾಕೆ ಹೀಗೆ ಕರೆಯುತ್ತೀಯ, ಅಣ್ಣನಿಗೆ ಗೊತ್ತಾದರೆ ಸುಮ್ಮನಿರುತ್ತಾನಾ?

ಅವಳು ಬೇಳೆಯಲ್ಲಿ ಉಳಿದಿದ್ದ ಸಿಪ್ಪೆ ಆರಿಸುತ್ತಲೇ ಹೇಳಿದಳು. "ಬಾಯಲ್ಲಿ ಕರುದ್ರೆ ತಾನೆ ನಿಮ್ಮಣ್ಣಂಗೆ ಸಿಟ್ಟು? ನಾನು ಬಾಯೇ ಬುಟ್ಟಿಲ್ಲ. ಬರಾದು ಬುಡಾದು ಅವ್ಳಿಷ್ಟ. ನನ್ನ ಬುಟ್ಬುಟ್ರು ಅಂತ ಅವ್ಳು ಅನ್ಬಾರ್ದು."

ನಾಲ್ಕು ಗಂಟೆಯ ಬಸ್ಸಿಗೆ ಹೊರಟೆ. ಬೇಳೆಯ ಡಬ್ಬಿ ಕೊಟ್ಟಳು. ನಾಳೆ ಬೆಳಿಗ್ಗೆ ಹೋದರಾಗದಾ ಎಂದಳು. ಶಾಲೆ ಇದೆ ಎಂದೆ. ಕೆ.ಆರ್. ಪೇಟೆಯಲ್ಲಿ ಬಸ್ಸು ಬದಲಿಸುವಾಗ ಫೋನು ಸದ್ದು ಮಾಡಿತು. ಅವರೆಬೇಳೆಯ ಜೊತೆ ಮೂವತ್ತೈದು ಹೆಸರು. ತೆರೆಯದೆಯೇ ಚೀಲಕ್ಕೆ ಹಾಕಿದೆ.

ಸೋಮವಾರ ಬೆಳಿಗ್ಗೆ ಅವಳು ಡೇರಿಗೆ ಹಾಲು ಹಾಕಿ ಬಂದು, ಬೆನ್ನು ಹಿಡಿದುಕೊಂಡಿದೆ ಎಂದು ಜಗಲಿಯ ಮೇಲೆ ಕೂತಳಂತೆ. ಗ್ಯಾಸ್ ಇರಬೇಕು ಎಂದು ಜೀರಿಗೆ ನೀರು ಕುಡಿದಳಂತೆ. ಆಟೋ ಕೆ.ಆರ್. ಪೇಟೆ ತಲುಪುವಷ್ಟರಲ್ಲಿ ಮುಗಿದಿತ್ತು. ನಾನು ಊರು ಸೇರಿದಾಗ ಹನ್ನೊಂದು ಗಂಟೆ.

ದೊಡ್ಡಣ್ಣ ಅವಳ ತಲೆಯ ಬಳಿ ಕೂತಿದ್ದ. ನನ್ನನ್ನು ನೋಡಿ ಅವಳ ಫೋನನ್ನು ಕೈಗೆ ಕೊಟ್ಟ. "ಎಲ್ಲಾರ್ಗೂ ತಿಳ್ಸಮ್ಮಿ," ಎಂದ. ಅಷ್ಟೇ.

ಹಿತ್ತಲಿಗೆ ಹೋಗಿ, ನನ್ನ ಫೋನಿನಲ್ಲಿ ನಾಲ್ಕು ಸಾಲು ಬರೆದು ಅವಳ ಫೋಟೋ ಹಾಕಿದೆ. ಯಾರಿಗೆಲ್ಲ ತಿಳಿಸಬೇಕು ಎಂದು ಯೋಚಿಸುವ ಕಷ್ಟವೇ ಇರಲಿಲ್ಲ. ಅವಳ ಫೋನಿನಲ್ಲಿ ಹಿಂದಿನ ದಿನದ ಪೋಸ್ಟು ಹಾಗೇ ಇತ್ತು. ಅದರಲ್ಲಿನ ಹೆಸರುಗಳನ್ನು ನೋಡಿಕೊಂಡು ಒಂದೊಂದಾಗಿ ನನ್ನದಕ್ಕೆ ಹಾಕುತ್ತಾ ಹೋದೆ. ಹಾಸನದ ಮೇಷ್ಟರ ಹೆಸರು ನನ್ನ ಫೋನಿನಲ್ಲಿ ಸಿಗದೆ, ಅವಳದರಿಂದಲೇ ಅವರಿಗೆ ಬೇರೆ ಸಂದೇಶ ಕಳಿಸಿದೆ. ಚಿಕ್ಕತ್ತಿಗೆಯ ಹೆಸರಿಗೆ ಬಂದು ನಿಂತೆ.

ಅವಳು ನನ್ನ ಗೆಳೆಯರ ಪಟ್ಟಿಯಲ್ಲಿ ಇದ್ದಳು. ಆದರೆ ಎಷ್ಟೋ ಕಾಲದಿಂದ ನನ್ನದು ಅವಳಿಗೆ, ಅವಳದು ನನಗೆ ಕಾಣಿಸುವುದೇ ನಿಂತಿತ್ತು. ಹೆಸರು ಹಾಕದಿದ್ದರೆ ಅವಳನ್ನು ತಲುಪುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಬಾಗಿಲ ಸಂದಿನಿಂದ ದೊಡ್ಡಣ್ಣನ ಬೆನ್ನು ಕಾಣುತ್ತಿತ್ತು. ಅವರು ಬಂದರೆ, ಅವನು ಎದ್ದು ಹೊರಗೆ ನಡೆಯಿರಿ ಎಂದರೆ, ಮಲಗಿಸಿದ ಅತ್ತಿಗೆಯ ಮುಂದೆಯೇ ಜಗಳವಾದರೆ ಎಂದುಕೊಂಡೆ. ಸಾವಿಗೆ ಯಾರೂ ಯಾರನ್ನೂ ಕರೆಯುವುದಿಲ್ಲ, ಕಿವಿಗೆ ಬಿದ್ದವರು ಬರುತ್ತಾರೆ, ಯಾರಾದರೂ ಅವರಿಗೂ ಹೇಳಿಯೇ ಹೇಳುತ್ತಾರೆ ಎಂದುಕೊಂಡೆ. ಅಣ್ಣನನ್ನು ಒಂದು ಮಾತು ಕೇಳಬಹುದಿತ್ತು. ಹತ್ತು ಹೆಜ್ಜೆ ದೂರ. ಕೇಳಲಿಲ್ಲ. ಆ ಗಡಿಬಿಡಿಯಲ್ಲಿ ಮರೆತೆ ಎಂದು ಆಮೇಲೆ ಒಬ್ಬಿಬ್ಬರಿಗೆ ಹೇಳಿದ್ದೇನೆ. ಸುಳ್ಳು. ಆ ಹೆಸರನ್ನು ನೋಡಿ, ದಾಟಿ, ಮುಂದಿನದಕ್ಕೆ ಹೋದೆ.

ಯಾರಾದರೂ ಹೇಳಿರುತ್ತಾರೆ ಎಂದು ನಾನೊಬ್ಬಳೇ ಅಂದುಕೊಂಡದ್ದಲ್ಲ. ಬಂದ ನೆಂಟರೆಲ್ಲ ಹಾಗೆಯೇ ಅಂದುಕೊಂಡಿದ್ದರು. ಸ್ವಂತ ತಮ್ಮನಿಗೆ ತಿಳಿಸದೆ ಇರುತ್ತಾರೆಯೇ?

ಮೂರು ಗಂಟೆಗೆ ಹಿರಿಯರು ಎತ್ತೋಣ ಎಂದರು. ದೊಡ್ಡಣ್ಣ, ಸ್ವಲ್ಪ ತಡೆಯಿರಿ ಎಂದ. ಮೂರೂವರೆಗೆ ಮತ್ತೆ ಕೇಳಿದರು. ಮತ್ತೆ ಅದನ್ನೇ ಹೇಳಿದ. ಅತ್ತಿಗೆಯ ತವರಿನವರೆಲ್ಲ ಬಂದಾಗಿತ್ತು. ಇನ್ನು ಯಾರಿಗೆ ಕಾಯುತ್ತಾನೆ ಎಂದು ಜನ ಮುಖ ಮುಖ ನೋಡಿಕೊಂಡರು. ಹೆಂಡತಿಯನ್ನು ಕಳಿಸಲು ಮನಸ್ಸು ಬರುತ್ತಿಲ್ಲ ಎಂದುಕೊಂಡು ನಾನೇ ಹೋಗಿ, ಹೊತ್ತಾಯಿತಲ್ಲಣ್ಣ ಎಂದೆ. ಅವನು ರಸ್ತೆಯ ಕಡೆ ಒಮ್ಮೆ ನೋಡಿ ತಲೆಯಾಡಿಸಿದ.

ನಮ್ಮ ಹೊಲದಲ್ಲೇ ಮಣ್ಣು ಮಾಡಿದೆವು. ಎಲ್ಲ ಮುಗಿಸಿ ಕೈಕಾಲು ತೊಳೆಯುತ್ತಿದ್ದಾಗ, ಇನ್ನೂ ಬೆಳಕಿರುವಾಗಲೇ, ಬಾಗಿಲಲ್ಲಿ ಒಂದು ಆಟೋ ನಿಂತಿತು. ಚಿಕ್ಕಣ್ಣ ಇಳಿದ. ಹಿಂದೆ ಚಿಕ್ಕತ್ತಿಗೆ. ಖಾಲಿ ಚಪ್ಪರ ನೋಡಿ ಅವಳು ಅಲ್ಲೇ ನಿಂತುಬಿಟ್ಟಳು.

ನಾನು ಅಂಜಿದ್ದ ಮಾತು ದೊಡ್ಡಣ್ಣನ ಬಾಯಿಂದ ಬರಲಿಲ್ಲ. ಅವನು ತಮ್ಮನ ತೋಳು ಹಿಡಿದುಕೊಂಡ. "ಯಾಕ್ಲಾ ಇಷ್ಟೊತ್ತು ಮಾಡ್ಬುಟ್ಟೆ? ಮೂರ್ ಗಂಟೆಯಿಂದ ನಿಮ್ಗೇ ಕಾದ್ನಲ್ಲೋ. ಇನ್ನ ತಡಿಯಕ್ಕಾಗ್ನಿಲ್ಲ ಕಣ್ಲಾ."

"ನಮ್ಗೆ ಗೊತ್ತೇ ಇರ್ನಿಲ್ಲ ಕಣಣ್ಣ. ಈಗ ಬಸ್‌ಸ್ಟ್ಯಾಂಡಲ್ಲಿ ಯಾರೋ ಅಂದ್ರು," ಎಂದ ಚಿಕ್ಕಣ್ಣ.

ದೊಡ್ಡಣ್ಣ ನನ್ನ ಕಡೆ ತಿರುಗಿದ. ಬೈದಿದ್ದರೆ ನಿಂತು ಬೈಸಿಕೊಳ್ಳುತ್ತಿದ್ದೆ.

ಚಿಕ್ಕತ್ತಿಗೆ ಹೊಲಕ್ಕೆ ಹೋಗಿ ಹಸಿ ಮಣ್ಣಿನ ಮುಂದೆ ತುಂಬ ಹೊತ್ತು ಕೂತಳು. ಅಲ್ಲಿಂದ ಬಂದು, ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನನ್ನ ಎದುರಿಗೆ ತನ್ನ ಫೋನು ಹಿಡಿದಳು. ಅವರೆಬೇಳೆಯ ಫೋಟೋ.

"ಆರು ವರ್ಷದಲ್ಲಿ ಅಕ್ಕ ಒಂದಿನಾನೂ ನನ್ ಹೆಸ್ರು ಬುಟ್ಟಿರ್ನಿಲ್ಲ," ಎಂದಳು. "ನೀನು ಇವತ್ತೇ ಯಾಕ್ ಬುಟ್ಟೆ?"

ನೀವು ಯಾವತ್ತೂ ಒಂದು ಲೈಕೂ ಒತ್ತುತ್ತಿರಲಿಲ್ಲವಲ್ಲ, ಬೇಡವೇನೋ ಅಂದುಕೊಂಡೆ ಎಂದು ತೊದಲಿದೆ. ನನ್ನ ತಪ್ಪನ್ನು ಅವಳ ಮೇಲೆ ಹಾಕಲು ಆ ಹೊತ್ತಿನಲ್ಲೂ ನನ್ನ ಬಾಯಿ ಹೊರಟಿತು.

"ಒತ್ತುದ್ರೆ ಊರ್ಗೆಲ್ಲ ಕಾಣ್ಸ್ತದೆ. ಯಾರಾರಾ ಬಾವನ್ಗೆ ಹೇಳೋರು. ಅವ್ರು ಅಕ್ಕನ್ ಮೇಲೆ ಎಗ್ರಾಡೋರು. ಅದ್ಕೆ ಸುಮ್ಕೆ ನೋಡ್ತಿದ್ದೆ. ದಿನಾ ನೋಡ್ತಿದ್ದೆ."

ಹನ್ನೊಂದನೆಯ ದಿನದ ಕಾರ್ಯಕ್ಕೆ ದೊಡ್ಡಣ್ಣ ತಾನೇ ನಾಗಮಂಗಲಕ್ಕೆ ಹೋಗಿ ಹೇಳಿ ಬಂದ. ಈಗ ಎರಡು ಮನೆಗೂ ಹೋಗಿ ಬರುವುದು ನಡೆದಿದೆ. ಅತ್ತಿಗೆ ಬದುಕಿರುವಾಗ ಆಗಬೇಕಿದ್ದದ್ದು. ನಾನು ಏನು ಹಾಕಿದರೂ ಅವಳ ಪಟ್ಟಿಯನ್ನು ಮುಂದಿಟ್ಟುಕೊಂಡು ಹೆಸರು ಹಾಕುತ್ತೇನೆ. ಹಾಕಿದ ಮೇಲೆ ಎರಡು ಸಲ ಓದುತ್ತೇನೆ. ಹತ್ತು ನಿಮಿಷಕ್ಕೆ ಮತ್ತೆ ತೆರೆದು ಓದುತ್ತೇನೆ. ಕೆಲಸದ ನಡುವೆ, ಬಸ್ಸಿನಲ್ಲಿ, ಯಾರನ್ನೋ ಬಿಟ್ಟೆ ಎನಿಸುತ್ತದೆ. ನೋಡಿದರೆ ಎಲ್ಲರೂ ಇರುತ್ತಾರೆ.

ಚಿಕ್ಕತ್ತಿಗೆ ನನ್ನೊಂದಿಗೆ ಚೆನ್ನಾಗಿಯೇ ಇದ್ದಾಳೆ. ವಾರಕ್ಕೊಮ್ಮೆ ಫೋನು ಮಾಡುತ್ತಾಳೆ. ಅದೂ ಇದೂ ಮಾತಾಡಿ, ಕೊನೆಗೆ ಒಂದು ಕೇಳುತ್ತಾಳೆ. ಯಾವ ಸೀರೆ ಉಡಿಸಿದ್ರಿ? ಹೂವು ಯಾವುದು? ಕಣ್ಣು ಪೂರ್ತಿ ಮುಚ್ಚಿತ್ತಾ? ನಾನು ಹೇಳುತ್ತೇನೆ. ಹಸಿರು ಸೀರೆ, ಮದುವೆಯದಲ್ಲ, ಆಮೇಲೆ ಕೊಂಡದ್ದು. ಮಲ್ಲಿಗೆ ಸಿಗಲಿಲ್ಲ, ಸೇವಂತಿಗೆ. ಹಣೆಯ ತುಂಬ ಕುಂಕುಮ. ಕಣ್ಣು ಮುಚ್ಚಿತ್ತು. ಅವಳು ಹ್ಞೂಂ ಎನ್ನುತ್ತಾಳೆ. ಮುಂದಿನ ವಾರ ಮತ್ತೊಂದು ಕೇಳುತ್ತಾಳೆ. ನನಗೆ ನೆನಪಿರುವುದೆಲ್ಲ ಹೇಳಿ ಮುಗಿದಿದೆ. ಅವಳು ಅತ್ತಿಗೆಯ ಮುಖ ನೋಡಲಿಲ್ಲ.